ಪುಡಿ ಬಿಟ್ಟಳು, ಬಾಟಲಿ ಬಿಡಲಿಲ್ಲ

ನನ್ನ ಹೆರಿಗೆ ರಜೆ 26 ವಾರ. ಅದರಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಖರ್ಚಾಗಿತ್ತು. ಹಾಗಾಗಿ ಮಗಳಿಗೆ ಆರು ತಿಂಗಳು ತುಂಬುವ ಮೊದಲೇ ನಾನು ಮತ್ತೆ ಚಿಗರಿ ಬಸ್ ಹತ್ತಿದೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಆಫೀಸು ಹುಬ್ಬಳ್ಳಿಯಲ್ಲಿ. ಮುಂಜಾನೆ ಎಂಟೂವರೆಗೆ ಹೊರಟರೆ ಮನೆ ಮುಟ್ಟುವಾಗ ಸಂಜೆ ಏಳು. ಮುಂಜಾನೆ, ರಾತ್ರಿ ಎದೆಹಾಲು. ನಡುವೆ ಮೂರು ಸಲ ಡಬ್ಬಿ ಹಾಲು, ಅಂದರೆ ಕೂಸುಗಳ ಹಾಲಿನ ಪುಡಿ ನೀರಿಗೆ ಕಲಸಿದ್ದು.

ಅತ್ತೆಗೆ ಈ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. ಅವರು ಗದಗ ಜಿಲ್ಲೆ ರೋಣದ ಕಡೆಯವರು, ಹಿತ್ತಲಲ್ಲಿ ದನ ಕಟ್ಟಿಕೊಂಡು ಬೆಳೆದವರು. "ಮನಿ ಮುಂದ ಆಕಳ ಹಾಲು ಬರ್ತಾವ, ಇದ್ಯಾಕ ಈ ಪುಡಿ? ನಿನ್ನ ಗಂಡ ಮೂರು ತಿಂಗಳಿಗೇ ಆಕಳ ಹಾಲು ಕುಡದು ಇಷ್ಟ ಎತ್ತರ ಆಗ್ಯಾನ" ಅನ್ನುತ್ತಿದ್ದರು. ತಿಂಗಳಿಗೆ ನಾಲ್ಕು ಡಬ್ಬಿಯ ಬಿಲ್ ನೋಡಿದಾಗ ನನಗೂ ಹೌದಲ್ವಾ ಅನ್ನಿಸುತ್ತಿತ್ತು.

ಮಕ್ಕಳ ಡಾಕ್ಟರು ಒಪ್ಪಲಿಲ್ಲ. ವರ್ಷ ತುಂಬುವವರೆಗೆ ಬೇಡ ಅಂದರು. ಆಕಳ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪ್ರೋಟೀನು ಮಾತ್ರ ತಾಯಿಯ ಹಾಲಿನ ಸುಮಾರು ಮೂರು ಪಟ್ಟು, ಉಪ್ಪಿನಂಶವೂ ಜಾಸ್ತಿ. ಅಷ್ಟನ್ನೂ ಸಣ್ಣ ಕೂಸಿನ ಕಿಡ್ನಿ ಹೊರಹಾಕಬೇಕು. ಕೆಲವು ಕೂಸುಗಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದೂ ಉಂಟಂತೆ. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ, ಅದೊಂದು ಒಳ್ಳೆಯ ಕೆಲಸ ಮಾಡಿದೆ. ನಾನು ಹೇಳಿದ್ದರೆ ಜಗಳ ಆಗುತ್ತಿತ್ತು.

ಮೊದಲ ಹುಟ್ಟುಹಬ್ಬದ ಮರುವಾರ ಶುರು ಮಾಡಿದೆವು. ಅಲರ್ಜಿ ಆದರೆ ಏನು ಗತಿ ಅಂತ ನನಗೆ ಭಯ ಇತ್ತು. ಡಾಕ್ಟರು ನಕ್ಕರು. ನಾವು ಕೊಡುತ್ತಿದ್ದ ಪುಡಿಯೂ ಆಕಳ ಹಾಲಿನಿಂದಲೇ ಮಾಡಿದ್ದು. ಆರು ತಿಂಗಳು ಅದನ್ನು ಅರಗಿಸಿಕೊಂಡ ಕೂಸಿಗೆ ಆಕಳ ಹಾಲು ಹೊಸ ವಸ್ತುವೇನಲ್ಲ, ರುಚಿ ಮಾತ್ರ ಬೇರೆ.

ರುಚಿಗೋಸ್ಕರ ನಿಧಾನ ಮಾಡಿದೆವು. ಅವಳ ಬಾಟಲಿ 180 ಎಂಎಲ್. ಮೊದಲ ಮೂರು ದಿನ 150 ಕಲಸಿದ ಪುಡಿ ಹಾಲು, 30 ಕಾಯಿಸಿ ಆರಿಸಿದ ಆಕಳ ಹಾಲು. ಆಮೇಲೆ 120ಕ್ಕೆ 60. ಆಮೇಲೆ ಅರ್ಧಕ್ಕರ್ಧ. ಹೀಗೆ ಹದಿನೈದು ದಿನದಲ್ಲಿ ಪುಡಿ ಪೂರ್ತಿ ನಿಂತಿತು. ಕೂಸಿಗೆ ಗೊತ್ತೇ ಆಗಲಿಲ್ಲ.

ನಡುವೆ ಒಂದು ಎಡವಟ್ಟು ಆಯಿತು. ನಾಲ್ಕನೇ ದಿನವೋ ಐದನೇ ದಿನವೋ ಸಂಜೆ ಬಂದು ನೋಡಿದರೆ ಬಾಟಲಿಯ ತಳದಲ್ಲಿ ಗಂಜಿಯಂತೆ ಗಟ್ಟಿ ಹಾಲು. ಅತ್ತೆ ಪುಡಿಯನ್ನು ನೀರಿನ ಬದಲು ಹಾಲಿಗೇ ಕಲಸಿದ್ದರು. "ಶಕ್ತಿ ಜಾಸ್ತಿ ಬರ್ತದ ಅಲ್ಲೇನ?" ಅವರ ಲೆಕ್ಕದಲ್ಲಿ ಅದು ಪ್ರೀತಿ. ಕೂಸಿಗೆ ಅದು ಎರಡು ಪಟ್ಟು ಗಟ್ಟಿಯಾದ ಹಾಲು. ಎರಡು ದಿನ ಕಕ್ಕಸು ಆಗಲಿಲ್ಲ, ನೀರು ನೀರು ಅಂತ ಅತ್ತಳು. ಪುಡಿಯನ್ನು ಡಬ್ಬಿಯ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಹಾಲನ್ನು ಆಮೇಲೆ ಬೆರೆಸಬೇಕು. ಇದನ್ನು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಇದರ ಉಲ್ಟಾ ಚಾಳಿಯೂ ನಮ್ಮ ಕಡೆ ಇದೆ, ಹಾಲಿಗೆ ಅರ್ಧ ನೀರು ಸೇರಿಸುವುದು. ವರ್ಷದ ಕೂಸಿಗೆ ಅದು ಬೇಕಿಲ್ಲ. ಗವಳಿ ಹಾಕಿದ್ದೇ ಸಾಕು.

ಗವಳಿ ಅಂದ ಮೇಲೆ ಎಮ್ಮೆಯ ಮಾತು ಹೇಳಲೇಬೇಕು. ನಮ್ಮ ಊರು ಎಮ್ಮೆ ಹಾಲಿನ ಊರು, ಪೇಡೆ ಊರು. ಆಕಳ ಹಾಲು ಅಂತ ಹೇಳಿ ತೆಗೆದುಕೊಂಡರೂ ಒಂದೊಂದು ದಿನ ಎಮ್ಮೆಯದೇ ಬರುತ್ತಿತ್ತು. ಕಂಡುಹಿಡಿಯುವುದು ಸುಲಭ. ಆಕಳ ಹಾಲಿನ ಕೆನೆಯಲ್ಲಿ ಸ್ವಲ್ಪ ಹಳದಿ ಇರುತ್ತದೆ, ಎಮ್ಮೆಯದು ಬೆಳ್ಳಗೆ, ಬೆರಳಲ್ಲಿ ಎತ್ತಿದರೆ ರುಮಾಲಿನಂತೆ ಬರುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು. ಅದು ಬಂದ ದಿನ ನಮ್ಮವಳ ಹೊಟ್ಟೆ ಕಲ್ಲು. ಕೊನೆಗೆ ಗವಳಿಯ ಜೊತೆ ವಾದ ಬಿಟ್ಟು ಕೂಸಿಗೆ ಮಾತ್ರ ನಂದಿನಿ ಪಾಕೀಟು ತರತೊಡಗಿದೆವು. ದಿನವೂ ಒಂದೇ ತರಹ ಇರುತ್ತದೆ ಅನ್ನುವುದೇ ಕಾರಣ. ಪಾಶ್ಚರೀಕರಿಸಿದ್ದು ಅಂತ ಬರೆದಿದ್ದರೂ ಅತ್ತೆ ಒಂದು ಕುದಿ ಬರಿಸದೆ ಬಿಡುವುದಿಲ್ಲ, ನಾನೂ ಬೇಡ ಅನ್ನುವುದಿಲ್ಲ. ಗವಳಿಯ ಹಾಲಾದರೆ ಕಾಯಿಸದೆ ಕೊಡುವ ಪ್ರಶ್ನೆಯೇ ಇಲ್ಲ. ಸಕ್ಕರೆ ಹಾಕಲೇ ಇಲ್ಲ, ಅದಕ್ಕೆ ಅತ್ತೆ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಪುಡಿ ದುಬಾರಿ, ಅಳೆದು ಕೊಡುತ್ತಿದ್ದೆವು. ಹಾಲು ಅಗ್ಗ, ಅಳತೆ ಹೋಯಿತು. ಅತ್ತರೆ ಬಾಟಲಿ, ಮಲಗಿಸಲು ಬಾಟಲಿ, ರಾತ್ರಿ ಎಚ್ಚರಾದರೆ ಬಾಟಲಿ. ಊಟಕ್ಕೆ ಕೂತರೆ ಎರಡು ತುತ್ತಿಗೆ ಬಾಯಿ ಮುಚ್ಚಿ ತಲೆ ಆಡಿಸುತ್ತಿದ್ದಳು. ಪಾಪ, ಹಾಲಾದರೂ ಕುಡಿಯಲಿ ಅಂತ ಮತ್ತೆ ಬಾಟಲಿ. ದುಂಡಗೆ, ಬೆಳ್ಳಗೆ ಇದ್ದಳು. ನೋಡಿದವರೆಲ್ಲ ಎಷ್ಟು ಚಂದ ಬಣ್ಣ ಬಂದಿದೆ ಅನ್ನುತ್ತಿದ್ದರು.

ಹದಿನಾರು ತಿಂಗಳಿಗೆ ಒಂದು ಭಾನುವಾರ ಅವಳು ಹಿತ್ತಲ ಗೋಡೆಗೆ ಮುಖ ಒತ್ತಿ ನಿಂತಿದ್ದಳು. ಏನೋ ಆಟ ಅಂದುಕೊಂಡೆ. ಹತ್ತಿರ ಹೋದರೆ ಸುಣ್ಣ ನೆಕ್ಕುತ್ತಿದ್ದಳು. ನಾಲಿಗೆಯ ಅಂಚಿಗೆ ಬಿಳಿ ಪುಡಿ, ಗೋಡೆಯ ಮೇಲೆ ಒದ್ದೆ ಗುಂಡು ಗುರುತು. ಅದೇ ಎತ್ತರದಲ್ಲಿ ಅಂಥ ಗುರುತು ಇನ್ನೂ ನಾಲ್ಕೈದು ಇದ್ದವು.

ಮೈಯಲ್ಲಿ ಕಬ್ಬಿಣ ಕಡಿಮೆ ಆದ ಕೂಸುಗಳು ಹೀಗೆ ಮಾಡುವುದುಂಟಂತೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಹನ್ನೊಂದರ ಮೇಲೆ ಇರಬೇಕಿತ್ತು. ಎಲ್ಲರೂ ಹೊಗಳಿದ ಆ ಬಿಳಿ ಬಣ್ಣ ರಕ್ತ ಕಡಿಮೆ ಆಗಿದ್ದರ ಬಣ್ಣ. ದಿನಕ್ಕೆ ಎಷ್ಟು ಹಾಲು ಅಂತ ಡಾಕ್ಟರು ಕೇಳಿದರು. ಅಲ್ಲೇ ಕೂತು ಬೆರಳೆಣಿಸಿದೆ, ಐದು ಬಾಟಲಿ, 900 ಎಂಎಲ್. 400, ತಪ್ಪಿದರೆ 500, ಅದರ ಮೇಲೆ ಬೇಡ ಅಂದರು. ಹಾಲಿನಲ್ಲಿ ಕಬ್ಬಿಣ ಇಲ್ಲ. ಹೊಟ್ಟೆ ತುಂಬಿಸಿ ಅನ್ನ ಬಿಡಿಸುತ್ತದೆ. ಅನ್ನದಲ್ಲಿದ್ದ ಕಬ್ಬಿಣವನ್ನೂ ಅದರ ಕ್ಯಾಲ್ಸಿಯಂ ಸರಿಯಾಗಿ ಹೀರಲು ಬಿಡುವುದಿಲ್ಲ. ಮನೆಯಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಐರನ್ ಸಿರಪ್ ಇತ್ತು, ವಾರಕ್ಕೆರಡು ಸಲ ಒಂದೊಂದು ಎಂಎಲ್ ಹಾಕಿ ಅಂತ ಹೇಳಿ ಹೋಗಿದ್ದರು. ಉಗುಳುತ್ತಾಳೆ ಅಂತ ಎರಡೇ ಸಲ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ಅದನ್ನು ಡಾಕ್ಟರಿಗೆ ಹೇಳುವಾಗ ಧ್ವನಿ ಸಣ್ಣಗಾಯಿತು.

ಬಾಟಲಿ ಬಿಡಿಸುವುದೇ ನಿಜವಾದ ಯುದ್ಧ. ಹಗಲಿನವು ನಾಲ್ಕು ದಿನದಲ್ಲಿ ಹೋದವು. ಅತ್ತೆ ಪೆಟ್ಟಿಗೆಯಿಂದ ನನ್ನ ಗಂಡ ಕೂಸಾಗಿದ್ದ ಕಾಲದ ಬೆಳ್ಳಿ ಒಳಲೆ ತೆಗೆದರು, ಕೂಸಿಗೆ ಹಾಲು ಕುಡಿಸುವ ಮೂತಿ ಇರುವ ಬಟ್ಟಲು. ಮಗಳು ಅದನ್ನು ಎಸೆದು ಮೂತಿ ಸೊಟ್ಟ ಮಾಡಿದಳು. ತನ್ನದಲ್ಲ, ಒಳಲೆಯ ಮೂತಿ. ಕೊನೆಗೆ ಗೆದ್ದಿದ್ದು ಸಣ್ಣ ಸ್ಟೀಲ್ ಲೋಟ. ಅದರಲ್ಲಿ ಒಂದು ಸಲಕ್ಕೆ ಎರಡು ಗುಟುಕಿನಷ್ಟೇ ಹಾಕುತ್ತಿದ್ದೆ. ಚೆಲ್ಲಿದರೆ ಎರಡೇ ಗುಟುಕು ಚೆಲ್ಲುತ್ತದೆ. ಅಜ್ಜಿ ಚಹಾ ಕುಡಿಯುವಾಗ ಇವಳಿಗೂ ಲೋಟ, ಇಬ್ಬರೂ ಎದುರು ಬದುರು ಕೂತು ಫೂ ಫೂ ಅಂತ ಊದುವುದು. ಚಹಾ ಮಾತ್ರ ಬೇಡ ಅಂತ ಡಾಕ್ಟರು ಹೇಳಿದ್ದರು, ಅದೂ ಕಬ್ಬಿಣ ತಡೆಯುತ್ತದೆ.

ರಾತ್ರಿಯ ಬಾಟಲಿಗೆ ಹದಿನೆಂಟು ದಿನ ಹಿಡಿಯಿತು. ಮೊದಲ ಮೂರು ರಾತ್ರಿ ನಾವ್ಯಾರೂ ಮಲಗಲಿಲ್ಲ. ಹಾಲು ಬಾಯಲ್ಲಿಟ್ಟುಕೊಂಡು ಮಲಗಿದರೆ ಹಲ್ಲು ಹುಳುಕಾಗುತ್ತದೆ ಅಂತ ಗೊತ್ತಿದ್ದದ್ದರಿಂದ ಹಟ ಹಿಡಿದೆ. ಇಲ್ಲದಿದ್ದರೆ ಸೋಲುತ್ತಿದ್ದೆ.

ಹಾಲು ಇಳಿದ ಐದಾರು ದಿನಕ್ಕೆ ಹಸಿವು ತಾನಾಗಿ ಬಂತು. ಹೆಸರುಬೇಳೆ ಅನ್ನಕ್ಕೆ ಮೆಂತ್ಯ ಸೊಪ್ಪು, ಮೊಳಕೆ ಮಡಕಿ ಕಾಳು ಬೇಯಿಸಿ ಹಿಚುಕಿದ್ದು, ಮೊಟ್ಟೆ. ಜೋಳದ ರೊಟ್ಟಿಯನ್ನು ಹಾಲಿನ ಬದಲು ಬೇಳೆ ಕಟ್ಟಿನಲ್ಲಿ ನೆನೆಸಿ ಕೊಟ್ಟೆವು. ಮೇಲೆ ಲಿಂಬೆಹಣ್ಣಿನ ಎರಡು ಹನಿ, ಅದು ಕಬ್ಬಿಣ ಹೀರಲು ಸಹಾಯ. ಡಾಕ್ಟರು ಬರೆದುಕೊಟ್ಟ ಐರನ್ ಡ್ರಾಪ್ಸನ್ನು ಹಾಲಿನ ಹೊತ್ತಿಗೆ ಕೊಡದೆ ನಡು ಮಧ್ಯಾಹ್ನ ಪೇರಲ ಹಣ್ಣಿನ ಜೊತೆ ಹಾಕುತ್ತಿದ್ದೆವು. ಮೂರನೇ ದಿನ ಕಕ್ಕಸು ಕಪ್ಪಗೆ ಬಂದಾಗ ಅತ್ತೆ ಆಫೀಸಿಗೆ ಫೋನ್ ಮಾಡಿ ಅತ್ತೇಬಿಟ್ಟರು. ಐರನ್ ಕೊಟ್ಟರೆ ಹಾಗೇ ಆಗುತ್ತದೆ. ಮೊದಲೇ ಹೇಳಿರಬೇಕಿತ್ತು ನಾನು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ತೋರಿಸಿದೆವು, 11.1. ಡ್ರಾಪ್ಸ್ ಇನ್ನೂ ಎರಡು ತಿಂಗಳು ಮುಂದುವರಿಸಿ ಅಂದರು. ಗೋಡೆ ನೆಕ್ಕುವುದು ಅದಕ್ಕೆ ಮೊದಲೇ ನಿಂತಿತ್ತು. ಈಗ ಮುಂಜಾನೆ ಒಂದು ಲೋಟ, ಸಂಜೆ ನಾನು ಬಂದ ಮೇಲೆ ಒಂದು ಲೋಟ. ಖಾಲಿ ಡಬ್ಬಿಗಳಲ್ಲಿ ಅತ್ತೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನುವ ಚಟ್ನಿ ಪುಡಿ ತುಂಬಿಟ್ಟಿದ್ದಾರೆ, ಒಳಗೆ ಅದೇ ಅಳತೆಯ ಚಮಚ.