ವೀಣೆಗೊಂದು ಪ್ರಿಆಂಪ್: ಆರಿಸುವುದು ಹೇಗೆ, ಜೋಡಿಸುವುದು ಹೇಗೆ

ಮಂಡ್ಯದ ಒಂದು ಕಲ್ಯಾಣ ಮಂಟಪ. ಸಂಜೆಯ ಆರತಕ್ಷತೆಗೆ ನನ್ನ ವೀಣೆ ಕಛೇರಿ. ಮೈಕ್ ಸೆಟ್ಟಿನವರು, ವೀಣೆಯ ಮೈಗೇ ಅಂಟಿಸಿದ ಕಾಂಟ್ಯಾಕ್ಟ್ ಮೈಕಿನ ವೈರನ್ನು ನನ್ನ ಕೈಯಿಂದ ತೆಗೆದುಕೊಂಡು ನೇರವಾಗಿ ಮಿಕ್ಸರಿಗೆ ಚುಚ್ಚಿದರು. ವರ್ಣ ಶುರು ಮಾಡಿದೆ. ಸ್ಪೀಕರಿನಲ್ಲಿ ಬಂದದ್ದು ಎಣ್ಣೆ ಡಬ್ಬಕ್ಕೆ ತಂತಿ ಕಟ್ಟಿ ಮೀಟಿದಂಥ ಸದ್ದು. ಮಂದ್ರಕ್ಕೆ ಇಳಿದರೆ ದನಿಯೇ ಇಲ್ಲ. ಅವರು ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರು, ಗುಂಯ್ ಎನ್ನತೊಡಗಿತು. ವಾಲ್ಯೂಮ್ ಏರಿಸಿದರು, ಕಿರುಚತೊಡಗಿತು. ಅಂದು ರಾತ್ರಿ ಮೈಸೂರಿಗೆ ಮರಳುವಾಗ, ವೀಣೆಯಲ್ಲೇ ಏನೋ ಕೆಟ್ಟಿದೆ ಎಂದು ದಾರಿಯುದ್ದಕ್ಕೂ ಕೊರಗಿದೆ. ಮನೆಗೆ ಬಂದು ಚಾಪೆಯ ಮೇಲಿಟ್ಟು ಮೀಟಿದರೆ ಅದೇ ಹಳೆಯ ತುಂಬು ನಾದ.

ವೀಣೆ ಸರಿಯಿತ್ತು, ಕಾಂಟ್ಯಾಕ್ಟ್ ಮೈಕೂ ಸರಿಯಿತ್ತು, ಮಿಕ್ಸರೂ ಸರಿಯಿತ್ತು. ನಡುವೆ ಇರಬೇಕಾದ ಒಂದು ಪುಟ್ಟ ಪೆಟ್ಟಿಗೆ ಇರಲಿಲ್ಲ. ಮೈಕಿನ ಸಣ್ಣ ಸದ್ದನ್ನು ಮಿಕ್ಸರಿಗೆ ಒಗ್ಗುವಂತೆ ಸಿದ್ಧಮಾಡಿ ಕೊಡುವ ಅದೇ ಪ್ರಿಆಂಪ್. ಅದನ್ನು ಆರಿಸುವಾಗ ಎಷ್ಟು ಗುಂಡಿಗಳಿವೆ, ಯಾವ ಬಣ್ಣದ ದೀಪ ಹತ್ತುತ್ತದೆ ಎಂದು ನೋಡುವ ಮೊದಲು ಒಂದೇ ಒಂದು ಅಂಕಿಯನ್ನು ನೋಡಬೇಕು. ಆ ಅಂಕಿಯ ವಿಷಯವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಮೈಕ್ ಯಾವುದೆಂದು ತಿಳಿಯಿರಿ

ವೀಣೆಯ ಕುಂಭಕ್ಕೆ, ಅಂದರೆ ಅದರ ದುಂಡನೆಯ ಮರದ ಹೊಟ್ಟೆಗೆ, ಅಂಟಿಸುವ ಕಾಂಟ್ಯಾಕ್ಟ್ ಮೈಕುಗಳಲ್ಲಿ ಹೆಚ್ಚಿನವು ಪೀಜೊ ಜಾತಿಯವು. ಒತ್ತಿದರೆ, ನಡುಗಿದರೆ ವಿದ್ಯುತ್ತು ಹುಟ್ಟಿಸುವ ಹರಳಿನ ಗುಣವನ್ನು ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ಕಂಡುಹಿಡಿದರು. ಅದೇ ಗುಣ ಇಂದು ನಮ್ಮ ವೀಣೆಯ ಹಲಸಿನ ಮರದ ನಡುಕವನ್ನು ಹಿಡಿದುಕೊಡುತ್ತಿದೆ. ಕೆಲವು ಮೈಕುಗಳಿಗೆ ಬ್ಯಾಟರಿ ಹಾಕುವ ಸಣ್ಣ ಡಬ್ಬಿ ಜೊತೆಯಲ್ಲೇ ಬರುತ್ತದೆ. ಅಂಥದ್ದರಲ್ಲಿ ಪ್ರಿಆಂಪ್ ಒಳಗೇ ಇದೆ, ನಿಮಗೆ ಬೇಕಾದದ್ದು ಡಿಐ ಬಾಕ್ಸ್, ಅಂದರೆ ವಾದ್ಯದ ವೈರನ್ನು ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆ, ಮಾತ್ರ. ತಂತಿಯ ಕೆಳಗೆ ಕೂರಿಸುವ ಮ್ಯಾಗ್ನೆಟಿಕ್ ಪಿಕಪ್‌ನ ದಾರಿ ಬೇರೆ. ಅದರ ನಾದದಲ್ಲಿ ಮರಕ್ಕಿಂತ ಉಕ್ಕು ಹೆಚ್ಚು ಎಂಬುದು ನನ್ನ ಅನಿಸಿಕೆ. ಇಲ್ಲಿ ಅದನ್ನು ಬಿಡುತ್ತೇನೆ.

ಅಂಟಿಸುವ ಜಾಗವೂ ಮುಖ್ಯ. ತಂತಿಗಳನ್ನು ಹೊರುವ ಕುದುರೆಯ ಮೇಲೇ ಅಂಟಿಸಿದರೆ ಉಗುರಿನ ಸದ್ದೇ ಮುಂದಾಗುತ್ತದೆ. ಕುದುರೆಯಿಂದ ಎರಡು ಮೂರು ಬೆರಳು ದೂರದಲ್ಲಿ, ಕುಂಭದ ಮೇಲ್ಹಲಗೆಯ ಮೇಲೆ ಶುರು ಮಾಡಿ, ಅಲ್ಲಿಂದ ಒಂದೊಂದೇ ಬೆರಳು ಸರಿಸುತ್ತ ಕೇಳಿ. ಅರ್ಧ ಬೆರಳಿನಷ್ಟು ಸರಿದರೂ ನಾದ ಬದಲಾಗುವುದು ಗೊತ್ತಾಗುತ್ತದೆ. ಅಂಟಿಗೆ ಮೆತ್ತನೆಯ ಮೇಣ ಅಥವಾ ಗೋಡೆಗೆ ಚಿತ್ರ ಅಂಟಿಸುವ ಪುಟ್ಟಿ ಸಾಕು, ತೆಳ್ಳಗೆ ಒತ್ತಬೇಕು. ಮುದ್ದೆಯಷ್ಟು ಹಾಕಿದರೆ ಮೇಣವೇ ನಾದವನ್ನು ನುಂಗುತ್ತದೆ. ಗಟ್ಟಿ ಅಂಟನ್ನು ಮಾತ್ರ ಯಾವ ಕಾರಣಕ್ಕೂ ಹಚ್ಚಬೇಡಿ, ಮರದ ಪಾಲಿಷ್ ಕಿತ್ತು ಬರುತ್ತದೆ.

ಆ ಒಂದು ಅಂಕಿ: ಇನ್‌ಪುಟ್ ಇಂಪಿಡೆನ್ಸ್

ಮಂಡ್ಯದ ರೈತರಿಗೆ ಇದನ್ನು ಹೇಳುವುದು ಸುಲಭ. ಕಡಿಮೆ ನೀರಿನ ಬೋರ್‌ವೆಲ್‌ಗೆ ಹತ್ತು ಎಚ್‌ಪಿ ಮೋಟಾರ್ ಇಳಿಸಿದರೆ ಏನಾಗುತ್ತದೆ? ಎರಡು ನಿಮಿಷ ನೀರು, ಆಮೇಲೆ ಗಾಳಿ. ಪೀಜೊ ಮೈಕ್ ಅಂಥ ಬೋರ್‌ವೆಲ್. ಅದರಲ್ಲಿ ಹುಟ್ಟುವ ವಿದ್ಯುತ್ತು ತೀರಾ ಅಲ್ಪ, ಅದನ್ನು ಮೆಲ್ಲಗೆ ಮುಟ್ಟಿ ತೆಗೆದುಕೊಳ್ಳಬೇಕು. ಒಳಬರುವ ವಿದ್ಯುತ್ತಿಗೆ ಪೆಟ್ಟಿಗೆ ಒಡ್ಡುವ ತಡೆಯೇ ಇನ್‌ಪುಟ್ ಇಂಪಿಡೆನ್ಸ್, ಅದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ತಡೆ ಕಡಿಮೆಯಾದಷ್ಟೂ ಎಳೆತ ಜಾಸ್ತಿ. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೊಓಮ್‌ನಷ್ಟಿರುತ್ತದೆ, ಮೈಕ್ ಇನ್‌ಪುಟ್ ಇನ್ನೂ ಕಡಿಮೆ. ಅದು ಪೀಜೊದಿಂದ ಎಳೆದುಕೊಳ್ಳುವುದು ಜಾಸ್ತಿಯಾಗಿ, ಮೊದಲು ಒಣಗುವುದು ಮಂದ್ರ.

ಎಷ್ಟು ಒಣಗುತ್ತದೆ ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಕೆಪಾಸಿಟನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ, ಅಳೆಯುವ ಸಾಧಾರಣ ಮಲ್ಟಿಮೀಟರ್ ಇದ್ದರೆ ಮೈಕಿನ ಜ್ಯಾಕಿಗೆ ಹಿಡಿದು ನೋಡಿ, ಇಷ್ಟು ನ್ಯಾನೊಫ್ಯಾರಡ್ ಎಂದು ಬರುತ್ತದೆ. 159 ಅನ್ನು ಆ ಅಂಕಿಯಿಂದ ಭಾಗಿಸಿ, ಬಂದದ್ದನ್ನು ಪ್ರಿಆಂಪ್‌ನ ಮೆಗಾಓಮ್‌ನಿಂದ ಮತ್ತೆ ಭಾಗಿಸಿ. ಸಿಗುವುದು ಹರ್ಟ್ಜ್. ಆ ಹರ್ಟ್ಜ್‌ನಿಂದ ಕೆಳಗಿನ ನಾದವೆಲ್ಲ ಇಳಿಯುತ್ತ ಹೋಗುತ್ತದೆ ಎಂದು ಅರ್ಥ.

2 ನ್ಯಾನೊಫ್ಯಾರಡ್‌ನ ಮೈಕ್ ಎಂದಿಟ್ಟುಕೊಳ್ಳೋಣ. 10 ಕಿಲೊಓಮ್‌ನ ಮಿಕ್ಸರಿಗೆ ನೇರವಾಗಿ ಕೊಟ್ಟರೆ ಸುಮಾರು 8,000 ಹರ್ಟ್ಜ್‌ನಿಂದಲೇ ಇಳಿತ ಶುರು. ಉಳಿಯುವುದು ಬರೀ ಉಗುರು ಮತ್ತು ತಂತಿಯ ಚರಚರ. ಮಂಡ್ಯದಲ್ಲಿ ನನಗೆ ಆದದ್ದು ಇದೇ. 1 ಮೆಗಾಓಮ್‌ನ ಪ್ರಿಆಂಪ್‌ಗೆ ಕೊಟ್ಟರೆ 80 ಹರ್ಟ್ಜ್, 10 ಮೆಗಾಓಮ್‌ಗೆ ಕೊಟ್ಟರೆ 8 ಹರ್ಟ್ಜ್.

ಇನ್ನು ನಮ್ಮ ವೀಣೆಗೆ ಎಷ್ಟು ಬೇಕು? ಮೂರು ಮನೆಯ ಶ್ರುತಿಗೆ (ಹಾರ್ಮೋನಿಯಂನ ಮೂರನೇ ಬಿಳಿ ಮನೆ) ಮೊದಲ ತಂತಿಯಾದ ಸಾರಣಿಯನ್ನು ಕೂಡಿಸಿದರೆ ಷಡ್ಜ ಸುಮಾರು 165 ಹರ್ಟ್ಜ್, ಮಂದ್ರ ಷಡ್ಜ 82, ಅದಕ್ಕೂ ಕೆಳಗಿನ ಅನುಮಂದ್ರದ ಪಂಚಮ ಸುಮಾರು 62. ಹಾಗಾಗಿ ಈ ಮೈಕಿಗೆ 1 ಮೆಗಾಓಮ್ ಸಾಲದು, ಅನುಮಂದ್ರ ತೆಳುವಾಗುತ್ತದೆ. 20 ನ್ಯಾನೊಫ್ಯಾರಡ್‌ನ ದೊಡ್ಡ ಬಿಲ್ಲೆಯ ಮೈಕ್ ಆದರೆ 1 ಮೆಗಾಓಮ್ ಧಾರಾಳವಾಯಿತು. ಅಳೆದು ನೋಡುವ ಸೌಕರ್ಯ ಇಲ್ಲದವರು 10 ಮೆಗಾಓಮ್‌ನದನ್ನೇ ಕೊಳ್ಳಿ. ಎಲ್.ಆರ್. ಬ್ಯಾಗ್ಸ್ ಕಂಪನಿಯ ಪ್ಯಾರಾ ಅಕೌಸ್ಟಿಕ್ ಡಿಐ ಇಂಥದ್ದು, ಗಿಟಾರಿನವರು ಬಹಳ ವರ್ಷಗಳಿಂದ ಬಳಸುತ್ತಿದ್ದಾರೆ. ಅಂಗಡಿಯವರಿಗೆ ಈ ಅಂಕಿ ನೆನಪಿರಲಿಕ್ಕಿಲ್ಲ, ಪೆಟ್ಟಿಗೆಯೊಳಗಿನ ಕೈಪಿಡಿಯನ್ನು ಬಿಚ್ಚಿಸಿ ನೋಡಿ. ಬ್ಯಾಟರಿಯಿಲ್ಲದ, ಟ್ರಾನ್ಸ್‌ಫಾರ್ಮರಿನ ಪ್ಯಾಸಿವ್ ಡಿಐ ಬಾಕ್ಸನ್ನು ಕೀಬೋರ್ಡಿಗೆ ಕೊಡುವಂತೆ ವೀಣೆಗೂ ಕೊಡುವವರಿದ್ದಾರೆ. ಅದರ ಇಂಪಿಡೆನ್ಸ್ ಸಾಮಾನ್ಯವಾಗಿ ಒಂದೂವರೆ ಲಕ್ಷ ಓಮ್ ಮೀರುವುದಿಲ್ಲ. ಪೀಜೊಗೆ ಅದು ಹೊಂದುವುದಿಲ್ಲ.

ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ನಿಂತುಕೊಂಡು ನುಡಿಸುವ ಆಳೆತ್ತರದ ಡಬಲ್ ಬಾಸ್‌ನವರಿಗೂ ಇದೇ ಪಾಡು. ಅವರ ಕೆಳಗಿನ ತಂತಿ 41 ಹರ್ಟ್ಜ್, ನಮ್ಮ ಅನುಮಂದ್ರಕ್ಕಿಂತಲೂ ಆಳ. ಅವರೂ ಪೀಜೊವನ್ನೇ ಅಂಟಿಸುತ್ತಾರೆ. ಅವರಿಗೂ ದೊಡ್ಡ ಮರದ ಹೊಟ್ಟೆ, ಕೂಗುವ ಸ್ಪೀಕರು. ಹೀಗಾಗಿ ಡಬಲ್ ಬಾಸ್‌ಗೆಂದು ಮಾಡಿದ ಪ್ರಿಆಂಪ್ ಎಲ್ಲಾದರೂ ಕಣ್ಣಿಗೆ ಬಿದ್ದರೆ ವೀಣೆಗೆ ಹಾಕಿ ನೋಡಲು ಹಿಂಜರಿಯಬೇಡಿ. ಎಲೆಕ್ಟ್ರಿಕ್ ಗಿಟಾರಿನ ಪೆಡಲುಗಳಿಗಿಂತ ಅದು ನಮಗೆ ಹತ್ತಿರದ ನೆಂಟ.

ಗುಂಡಿಗಳಲ್ಲಿ ಬೇಕಾದವು ಮೂರೇ

ಒಂದು, ಹೈಪಾಸ್ ಫಿಲ್ಟರ್. ಕೆಲವು ಪೆಟ್ಟಿಗೆಗಳ ಮೇಲೆ ಲೋಕಟ್ ಎಂದಿರುತ್ತದೆ. ವೇದಿಕೆಯ ಹಲಗೆಯ ಮೇಲೆ ಯಾರಾದರೂ ನಡೆದರೆ, ಮೃದಂಗದ ಎಡಗೈ ಬಿದ್ದರೆ, ಆ ಧಡಧಡವೆಲ್ಲ ಕುಂಭದ ಮೂಲಕ ಮೈಕಿಗೆ ಬರುತ್ತದೆ. ಸ್ಪೀಕರಿನ ಶಕ್ತಿ ಅದಕ್ಕೇ ಖರ್ಚಾಗಿ ನಾದ ಕಲಸಿಹೋಗುತ್ತದೆ. 50ರಿಂದ 60 ಹರ್ಟ್ಜ್‌ಗೆ ಹೈಪಾಸ್ ಇಟ್ಟರೆ ಅನುಮಂದ್ರ ಉಳಿಯುತ್ತದೆ, ಕೆಳಗಿನ ಗದ್ದಲ ಹೋಗುತ್ತದೆ. ಸಭಾಂಗಣವೇ ಗುಮ್ಮೆನ್ನುತ್ತಿದ್ದರೆ 80ಕ್ಕೆ ಏರಿಸಿದರೂ ಚಿಂತೆಯಿಲ್ಲ. ಅನುಮಂದ್ರ ಪಂಚಮದ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳು (ಹಾರ್ಮೊನಿಕ್‌ಗಳು) ಉಳಿದಿರುವುದರಿಂದ ಕಿವಿ ಅದನ್ನು ಪಂಚಮವೆಂದೇ ಗುರುತಿಸುತ್ತದೆ.

ಎರಡು, ಒಂದೇ ಸ್ವರದ ಆಸುಪಾಸನ್ನು ಮಾತ್ರ ತಗ್ಗಿಸುವ ನಾಚ್ ಫಿಲ್ಟರ್. ಸ್ಪೀಕರಿನ ಸದ್ದು ಕುಂಭವನ್ನು ನಡುಗಿಸಿ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗಿ ಊಂ ಎಂದು ಕೂಗುತ್ತದಲ್ಲ, ಅದಕ್ಕೆ ಮದ್ದು ಇದು. ಇಲ್ಲಿ ನಾವು ಸಂಗೀತದವರಿಗೆ ಒಂದು ಅನುಕೂಲವಿದೆ: ಕೂಗು ಯಾವ ಸ್ವರದಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ನನ್ನ ವೀಣೆ ಕೂಗುವುದು ಮಧ್ಯಸ್ಥಾಯಿಯ ಚತುಶ್ರುತಿ ರಿಷಭದ ಹತ್ತಿರ, ಅಂದರೆ 185 ಹರ್ಟ್ಜ್ ಸುಮಾರಿಗೆ. ಕಛೇರಿಗೆ ಮೊದಲು ತಂತಿಗಳ ಮೇಲೆ ಅಂಗೈ ಇಟ್ಟು ವಾಲ್ಯೂಮನ್ನು ನಿಧಾನವಾಗಿ ಏರಿಸಿಸಿ. ಕೂಗು ಆರಂಭವಾದ ಕೂಡಲೇ ನಾಚ್ ಗುಂಡಿಯನ್ನು ಆ ಸ್ವರದ ಆಸುಪಾಸಿನಲ್ಲಿ ಮೆಲ್ಲಗೆ ತಿರುಗಿಸಿ, ಒಂದು ಜಾಗದಲ್ಲಿ ಕೂಗು ನಿಲ್ಲುತ್ತದೆ. ಅಲ್ಲೇ ಬಿಡಿ. ನಾಚ್ ಅಗಲವಾಗಿದ್ದರೆ ಕೂಗಿನ ಜೊತೆ ರಿಷಭವೂ ಸೊರಗುತ್ತದೆ, ಆದ್ದರಿಂದ ಕೊಳ್ಳುವಾಗ ಕಿರಿದಾದ ನಾಚ್ ಇರುವುದನ್ನು ನೋಡಿ. ಪೆಟ್ಟಿಗೆಯಲ್ಲಿ ನಾದದ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿಯೂ ಇದ್ದರೆ ಒತ್ತಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಕೂಗು ಅಡಗುತ್ತದೆ.

ಮೂರು, ನಡುವಿನ ನಾದವನ್ನು ಇಳಿಸುವ ಮಿಡ್ ಗುಂಡಿ, ಎಲ್ಲಿ ಇಳಿಸಬೇಕೆಂದು ನಾವೇ ಆರಿಸುವಂಥದ್ದು. ಪೀಜೊಗೆ 2,000ದಿಂದ 4,000 ಹರ್ಟ್ಜ್ ನಡುವೆ ಒಂದು ಒಡಕು ಸದ್ದಿರುತ್ತದೆ, ಜೋರಾಗಿ ಮೀಟಿದಾಗ ಟಕ್ ಎನ್ನುತ್ತದೆ. ಅಲ್ಲಿ 3ರಿಂದ 4 ಡೆಸಿಬೆಲ್ ಇಳಿಸಿದರೆ ಮೀಟು ಮೆತ್ತಗಾಗುತ್ತದೆ. ಮೀಟಿನ ನಾಜೂಕಿಗೆ ಹೆಸರಾದ ಮೈಸೂರು ಬಾನಿಯವರಿಗೆ ಈ ಗುಂಡಿ ಉಳಿದೆಲ್ಲ ಅಲಂಕಾರಕ್ಕಿಂತ ಬೆಲೆಯುಳ್ಳದ್ದು. ವೀಣೆ ಶೇಷಣ್ಣನವರು (1852–1926) ಮೈಕಿನ ಹಂಗಿಲ್ಲದ ಆಸ್ಥಾನಗಳಲ್ಲಿ ನುಡಿಸಿದವರು. ಆ ಪರಂಪರೆಯ ಮೀಟನ್ನು ಸ್ಪೀಕರಿನಲ್ಲಿ ಒರಟಾಗಿಸಿ ಕೇಳಿಸಿದರೆ ನನಗೆ ನಿಜವಾಗಿ ನೋವಾಗುತ್ತದೆ.

ರಿವರ್ಬ್, ಕೋರಸ್, ಟ್ಯೂನರ್ ಎಲ್ಲ ಇರುವ ಪೆಟ್ಟಿಗೆಗಳೂ ಇವೆ. ಬೇಡ.

ಹೊರಗೆ ಹೋಗುವ ದಾರಿ

ಪ್ರಿಆಂಪ್‌ನಿಂದ ಮಿಕ್ಸರಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಹೊರಗಿಂಡಿ ಇರಲೇಬೇಕು. ಇದು ಬ್ಯಾಲೆನ್ಸ್ಡ್, ಅಂದರೆ ಎರಡು ತಂತಿಗಳಿಗೂ ಸಮನಾಗಿ ಸೇರುವ ಹೊರಗಿನ ಗದ್ದಲ ಮಿಕ್ಸರಿನಲ್ಲಿ ರದ್ದಾಗುತ್ತದೆ; ಆದ್ದರಿಂದ 30 ಮೀಟರ್ ವೈರ್ ಎಳೆದರೂ ಗುಂಯ್‌ಗುಡುವುದು ಕಡಿಮೆ. ಮೈಕಿನಿಂದ ಪ್ರಿಆಂಪ್‌ವರೆಗಿನ ವೈರು ಮಾತ್ರ ಗಿಡ್ಡವಿರಲಿ, 3 ಮೀಟರ್ ಮೀರದಿರಲಿ. ಪೆಟ್ಟಿಗೆಯನ್ನು ನಿಮ್ಮ ಮೊಣಕಾಲ ಪಕ್ಕದಲ್ಲೇ ಇಟ್ಟುಕೊಂಡರೆ ಗುಂಡಿಗಳೂ ಕೈಗೆ ಸಿಗುತ್ತವೆ.

ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಸ್ವಿಚ್ ಇದೆಯೇ ನೋಡಿ. ಪೆಂಡಾಲಿನಲ್ಲಿ ಲೈಟಿನವರ ಲೈನ್ ಒಂದು ಕಡೆಯಿಂದ, ಮೈಕಿನವರ ಲೈನ್ ಇನ್ನೊಂದು ಕಡೆಯಿಂದ, ನಡುವೆ ಜನರೇಟರ್. ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತಿಕೊಂಡರೆ ನಮ್ಮ 50 ಹರ್ಟ್ಜ್ ಕರೆಂಟು ಸ್ಪೀಕರಿನಲ್ಲಿ ಗುಂಯ್ ಎಂದು ಕೂರುತ್ತದೆ. ಸ್ವಿಚ್ ಸರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಇದೇ ಗುಂಯ್ ನಿಲ್ಲಿಸಲು ಕೆಲವರು ಪ್ಲಗ್ಗಿನ ಮೂರನೇ ಪಿನ್ನನ್ನು ಮುರಿದುಹಾಕುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಯಾರನ್ನೂ ಬಿಡಬೇಡಿ. 230 ವೋಲ್ಟಿನ ಊರಿನಲ್ಲಿ ಕೈಬೆರಳೆಲ್ಲ ಲೋಹದ ತಂತಿಯ ಮೇಲಿಟ್ಟು ಕೂರುವವರು ನಾವು.

ಪವರ್‌ಗೆ 9 ವೋಲ್ಟಿನ ಚೌಕ ಬ್ಯಾಟರಿ, ಇಲ್ಲವೇ ಮಿಕ್ಸರಿನಿಂದಲೇ ಬರುವ 48 ವೋಲ್ಟಿನ ಫ್ಯಾಂಟಮ್. ಎರಡಕ್ಕೂ ಒಗ್ಗುವ ಪೆಟ್ಟಿಗೆ ಒಳ್ಳೆಯದು. ‘ಅಣ್ಣಾ, ನನ್ನ ಚಾನೆಲ್ಲಿಗೆ ಫ್ಯಾಂಟಮ್ ಹಾಕಿ, ವಾಲ್ಯೂಮ್ ಇಳಿಸಿಕೊಂಡು ಹಾಕಿ’ ಎಂದು ಸೌಂಡಿನವರಿಗೆ ಮೊದಲೇ ಹೇಳಿ. ಇಳಿಸದೆ ಹಾಕಿದರೆ ಸ್ಪೀಕರ್ ಧಬ್ ಎನ್ನುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ವೀಣೆ, ನಿಮ್ಮದೇ ಮೈಕ್, ನಿಮ್ಮದೇ ವೈರ್ ತೆಗೆದುಕೊಂಡು ಹೋಗಿ. ಅಂಗಡಿಯ ಗಿಟಾರಿನಲ್ಲಿ ಚೆನ್ನಾಗಿ ಕೇಳಿದ್ದು ವೀಣೆಯಲ್ಲಿ ಕೇಳಬೇಕೆಂದಿಲ್ಲ. ಮೊದಲು ಎಲ್ಲ ಗುಂಡಿಗಳನ್ನು ಮಧ್ಯಕ್ಕಿಟ್ಟು ಏನೂ ನುಡಿಸದೆ ವಾಲ್ಯೂಮ್ ಏರಿಸಿ, ಸುಂಯ್ ಎಂಬ ಸದ್ದು ಎಷ್ಟಿದೆ ಕೇಳಿ. ಆಮೇಲೆ ಅನುಮಂದ್ರದ ಬಿಡಿ ತಂತಿ, ಸಾರಣಿಯಲ್ಲಿ ತಾರಸ್ಥಾಯಿಯ ಒಂದು ಉದ್ದದ ಗಮಕ, ತಾಳದ ತಂತಿ, ಈ ಮೂರನ್ನೂ ನುಡಿಸಿ. ಗಮಕದ ಬಾಲ ಕೊನೆಯವರೆಗೆ ಕೇಳಿಸುತ್ತಿದೆಯೇ? ತಾಳದ ತಂತಿ ಉಳಿದವನ್ನು ಮೀರಿ ಚುಚ್ಚುತ್ತಿದೆಯೇ? ಕೊನೆಗೆ ಬಲವಾಗಿ ಒಮ್ಮೆ ಮೀಟಿ. ನಾದ ಒಡೆದರೆ ಗೇನ್ (ಒಳಬರುವ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಗುಂಡಿ) ಇಳಿಸಿ ಮತ್ತೆ ಮೀಟಿ, ಆಗಲೂ ಒಡೆದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.

ಸಾಧ್ಯವಾದರೆ ಒಬ್ಬ ಶಿಷ್ಯರನ್ನು ಜೊತೆಗೆ ಕರೆದೊಯ್ದು ಅವರಿಂದ ನುಡಿಸಿ, ನೀವು ಸ್ಪೀಕರಿನ ಎದುರು ಹತ್ತು ಹೆಜ್ಜೆ ದೂರ ನಿಂತು ಕೇಳಿ. ನುಡಿಸುವವರ ಕಿವಿಗೆ ಮರದ ನಾದವೇ ತುಂಬಿರುತ್ತದೆ, ಸ್ಪೀಕರಿನ ಸತ್ಯ ಗೊತ್ತಾಗುವುದಿಲ್ಲ.

ಕಛೇರಿಯ ದಿನ

ಜಾಗ ಬದಲಾದಂತೆ ಗುಂಡಿ ಬದಲಾಗುತ್ತದೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕೇಳುಗರು ಹತ್ತಿರದಲ್ಲೇ ಕೂತಿರುತ್ತಾರೆ, ಅಲ್ಲಿ ಸ್ಪೀಕರ್ ಬರೀ ಆಸರೆಗೆ. ವಾಲ್ಯೂಮ್ ಕಡಿಮೆಯಿದ್ದಷ್ಟೂ ವೀಣೆ ವೀಣೆಯಾಗಿರುತ್ತದೆ. ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಉತ್ಸವದಂಥ ಪೆಂಡಾಲಿನಲ್ಲಿ ಗೋಡೆಗಳ ಆಸರೆ ಇಲ್ಲ, ಬೀದಿಯ ಸದ್ದೂ ಸೇರುತ್ತದೆ. ಅಲ್ಲಿ ಮಂದ್ರಕ್ಕೆ ಸ್ವಲ್ಪ ಬಲ ಕೊಡಬೇಕು. ಎಲ್ಲಿಯೇ ಆಗಲಿ ಮುಖ್ಯ ಸ್ಪೀಕರು ನಿಮ್ಮ ಹಿಂದೆ ಇರಕೂಡದು. ನುಡಿಸುವವರಿಗೆ ಕೇಳಿಸಲೆಂದು ವೇದಿಕೆಯ ಮೇಲಿಡುವ ಸ್ಪೀಕರನ್ನು, ಅಂದರೆ ಮಾನಿಟರನ್ನು, ಕುಂಭದ ಕಡೆಗೆ ತಿರುಗಿಸದೆ ನಿಮ್ಮ ಮುಖದ ಕಡೆಗೆ ಇಡಿಸಿ.

ಸೌಂಡಿನವರ ಬಳಿ ಐದು ನಿಮಿಷ ಮೊದಲೇ ಕೂತು ಮಾತಾಡಿ. ಮಿಕ್ಸರಿನ ಬಾಸ್, ಟ್ರೆಬಲ್ ಎಲ್ಲವನ್ನೂ ಮಧ್ಯಕ್ಕಿಟ್ಟು ನಾದದ ಕೆಲಸವನ್ನು ನಿಮ್ಮ ಪೆಟ್ಟಿಗೆಗೇ ಬಿಡಲು ಕೇಳಿಕೊಳ್ಳಿ. ದಿನಕ್ಕೊಂದು ಆರ್ಕೆಸ್ಟ್ರಾ ಮಾಡುವ ಅವರಿಗೆ ವೀಣೆ ಸಿಗುವುದು ಅಪರೂಪ. ಹೇಳಿಕೊಟ್ಟರೆ ಖುಷಿಯಿಂದಲೇ ಮಾಡುತ್ತಾರೆ, ನನ್ನ ಅನುಭವದಲ್ಲಿ ಬೇಡವೆಂದವರು ಇಲ್ಲ.

ನಾದ ಹೊಂದಿಕೊಂಡ ಮೇಲೆ ಪೆಟ್ಟಿಗೆಯ ಗುಂಡಿಗಳು ಎಲ್ಲೆಲ್ಲಿವೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಸಭೆಯ ಹೆಸರಿನ ಜೊತೆ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ವೇದಿಕೆಗೆ ಅಲ್ಲಿಂದಲೇ ಶುರು ಮಾಡಬಹುದು. ಮಂಗಳ ಹಾಡಿ ಎದ್ದಾಗ ಮೊದಲು ಚಾನೆಲ್ ಮುಚ್ಚಿಸಿ, ಆಮೇಲೆ ಜ್ಯಾಕ್ ಎಳೆಯಿರಿ. ಎಳೆಯಲು ಮರೆಯಬೇಡಿ. ಬಹುಪಾಲು ಪೆಟ್ಟಿಗೆಗಳಲ್ಲಿ ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಉರಿಯುತ್ತಲೇ ಇರುತ್ತದೆ.