ಸಿದ್ಧ ಆಕೃತಿ ಕೊಡದೆ ಚಿತ್ರಪುಸ್ತಕದ ಕೈಕೆಲಸ: ನನ್ನ ಅನುಭವ

ಮೊದಲೇ ಕತ್ತರಿಸಿದ ಆಕೃತಿ ಇಲ್ಲದೆ ಮೂರರಿಂದ ಐದು ವರ್ಷದ ಮಕ್ಕಳಿಂದ ಚಿತ್ರಪುಸ್ತಕದ ಕೈಕೆಲಸ (ಓದಿದ ಕತೆಯನ್ನು ಕಾಗದದಲ್ಲಿ ಮಾಡುವುದು) ಮಾಡಿಸಲು ಆಗುವುದಿಲ್ಲ ಎಂದವರೇ ಹೆಚ್ಚು. ‘ಮೊಲದ ಕಿವಿ ಎಲ್ಲಿ ಅಂಟಿಸಬೇಕೆಂದೇ ತಿಳಿಯಲ್ಲ, ಮನೆಗೆ ಕಳಿಸುವಂಥದ್ದು ಏನೂ ಆಗಲ್ಲ’ ಎಂಬುದು ಅವರ ಮಾತು. ಆಗುತ್ತದೆ. ಇಪ್ಪತ್ತೈದರ ಆಸುಪಾಸು ಮಕ್ಕಳಿರುವ ನನ್ನ ತರಗತಿಯಲ್ಲಿ ಈಗ ಇದೇ ಕ್ರಮ ನಡೆದಿದೆ. ಸಾಮಗ್ರಿಯ ಖರ್ಚು ಹೆಚ್ಚುಕಡಿಮೆ ಮೊದಲಿನ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ತಾವು ಮಾಡಿದ್ದನ್ನು ಹಿಡಿದು ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ. ಸಿದ್ಧ ಆಕೃತಿಯ ಮೊಲ ಗೋಡೆಯ ಮೇಲೆ ಅಂದವಾಗಿ ಕಾಣುತ್ತಿತ್ತು, ನಿಜ. ಅದನ್ನು ತೋರಿಸಿ ‘ಆಮೇಲೇನಾಯ್ತು?’ ಎಂದು ಕೇಳಿದರೆ ಮಾತ್ರ ‘ಮೊಲ’ ಎಂಬ ಒಂದೇ ಉತ್ತರ.

ಬದಲಾಯಿಸಿದ್ದು ಎರಡೇ. ಒಂದು, ಪಾತ್ರವನ್ನು ಬಿಟ್ಟು ಕತೆಯಲ್ಲಿ ನಡೆಯುವ ಕ್ರಿಯೆಯನ್ನು ಹಿಡಿದದ್ದು: ಅಡಗುವುದು, ಹೊರಬರುವುದು, ಬೆಳೆಯುವುದು, ಬಣ್ಣ ಬದಲಾಗುವುದು, ಒಂದರ ಹಿಂದೊಂದು ಸೇರಿಕೊಳ್ಳುವುದು. ಕೈಕೆಲಸದಲ್ಲಿ ಆ ಕ್ರಿಯೆ ನಡೆಯಬೇಕು. ಎರಡು, ಬಣ್ಣದ ಕಾಗದ ಕೊಳ್ಳುವುದನ್ನು ನಿಲ್ಲಿಸಿ ಮಕ್ಕಳಿಂದಲೇ ಕಾಗದಕ್ಕೆ ಬಣ್ಣ ಹಚ್ಚಿಸಿ, ಮರುದಿನ ಅದನ್ನೇ ಹರಿದು ಅಂಟಿಸಲು ಕೊಟ್ಟದ್ದು.

ಹರಿದ ಕಾಗದ ಒರಟಾಗಿ ಕಾಣುತ್ತದೆ ಎನ್ನುವವರ ಮುಂದೆ ನಾನು ಪುಸ್ತಕಗಳನ್ನೇ ಇಡುತ್ತೇನೆ. ಮಕ್ಕಳ ಚಿತ್ರಪುಸ್ತಕಗಳ ಕರ್ತೃ ಲಿಯೊ ಲಿಯೊನ್ನಿ 1959ರಲ್ಲಿ ತಂದ ‘ಲಿಟಲ್ ಬ್ಲೂ ಅಂಡ್ ಲಿಟಲ್ ಯೆಲ್ಲೊ’ದಲ್ಲಿ ಪಾತ್ರಗಳೆಂದರೆ ಹರಿದ ಕಾಗದದ ತುಂಡುಗಳು, ಅಷ್ಟೇ. ಇನ್ನೊಬ್ಬ ಚಿತ್ರಪುಸ್ತಕಕಾರ ಎರಿಕ್ ಕಾರ್ಲ್ ಟಿಶ್ಯೂ ಕಾಗದಕ್ಕೆ (ಕೈ ಒರೆಸುವುದಲ್ಲ, ಉಡುಗೊರೆ ಸುತ್ತುವಂಥ ತೆಳು ಕಾಗದ) ಅಕ್ರಿಲಿಕ್ ಬಣ್ಣ ಬಳಿದು, ಒಣಗಿದ ಮೇಲೆ ಕತ್ತರಿಸಿ ಅಂಟಿಸಿ ಚಿತ್ರ ಕಟ್ಟುತ್ತಿದ್ದರು. ಆ ವಿಧಾನವನ್ನು ಚಿಕ್ಕ ಮಕ್ಕಳ ಕೈಗೆ ಒಗ್ಗಿಸುವುದೇ ಇಲ್ಲಿನ ನಿಜವಾದ ಕೆಲಸ. ಹೆಚ್ಚು ಸಾಮಗ್ರಿ ಹಾಳಾದದ್ದೂ ಇದರಲ್ಲೇ.

ಟಿಶ್ಯೂ ಕಾಗದ ಒದ್ದೆಯಾದರೆ ಅದರ ಬಲ ಹೋಗುತ್ತದೆ. ಮಗು ಕುಂಚವನ್ನು ಹಿಂದೆ ಮುಂದೆ ಉಜ್ಜಿದರೆ ಮೂರನೇ ಎಳೆತಕ್ಕೆ ತೂತು. ಹಳೆ ಪತ್ರಿಕೆಯ ಮೇಲೆ ಇಟ್ಟು ಬಳಿದರೆ ಒಣಗುವಾಗ ಅದಕ್ಕೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಎರಡೂ ಹರಿಯುತ್ತವೆ. ಬಣ್ಣದ ಟಿಶ್ಯೂಗೆ ಅಂಟು ತಗಲಿದರೆ ಬಣ್ಣ ಬಿಡುತ್ತದೆ, ಬೆರಳು, ಮೇಜು, ಪಕ್ಕದ ಮಗುವಿನ ಹಾಳೆ ಎಲ್ಲ ಒಂದೇ ಬಣ್ಣ. ಕೊನೆಗೆ ನಾಲ್ಕು ವರ್ಷದೊಳಗಿನವರಿಗೆ ಟಿಶ್ಯೂ ಕೈಬಿಟ್ಟೆ. ಒಂದು ಬದಿ ಬಳಸಿದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಮುದ್ರಣ ಕಾಗದವೇ ಸಾಕು, ಅದು ಹೇಗೂ ಕಸಕ್ಕೆ ಹೋಗುವ ಕಾಗದ. ಖರ್ಚಿನಲ್ಲಿ ಮೊದಲ ದೊಡ್ಡ ಉಳಿತಾಯ ಆದದ್ದು ಇಲ್ಲಿ. ದೊಡ್ಡ ಮಕ್ಕಳಿಗೆ ಮಾತ್ರ ಟಿಶ್ಯೂ, ಅದೂ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಸ್ಪಂಜಿನಿಂದ ಒತ್ತಿ ಬಣ್ಣ ಹಾಕಿಸುವುದು. ಉಜ್ಜಬಾರದು, ಒತ್ತಬೇಕು. ಒಣಗಿದ ಮೇಲೆ ಪ್ಲಾಸ್ಟಿಕ್ಕಿನಿಂದ ಹಾಳೆ ತಾನಾಗಿ ಎದ್ದು ಬರುತ್ತದೆ.

ಬಣ್ಣದ ವಿಷಯ ಇನ್ನೂ ಕಷ್ಟದ್ದು. ಅಕ್ರಿಲಿಕ್ ಒಣಗಿದರೆ ನೀರಿಗೆ ಕರಗುವುದಿಲ್ಲ, ಆದ್ದರಿಂದ ಅಂಟಿಗೂ ಜಗ್ಗುವುದಿಲ್ಲ. ಆದರೆ ಬಟ್ಟೆಗೆ ಹತ್ತಿ ಒಣಗಿದರೆ ಹೋಗುವುದೂ ಇಲ್ಲ, ಬೆಲೆಯೂ ಹೆಚ್ಚು. ಪೋಸ್ಟರ್ ಬಣ್ಣ ಅಗ್ಗ, ತೊಳೆದರೆ ಹೋಗುತ್ತದೆ, ಆದರೆ ಮರುದಿನ ಅಂಟಿನ ತೇವ ತಾಗಿದ ಕೂಡಲೇ ಮತ್ತೆ ಕರಗಿ ಮೆತ್ತಿಕೊಳ್ಳುತ್ತದೆ. ದಪ್ಪಗೆ ಬಳಿದಿದ್ದರೆ ಹರಿಯುವಾಗ ಪುಡಿಪುಡಿಯಾಗಿ ಉದುರುತ್ತದೆ. ಇದಕ್ಕೆ ಸಿಕ್ಕ ದಾರಿ: ನಾಲ್ಕು ಚಮಚ ಪೋಸ್ಟರ್ ಬಣ್ಣಕ್ಕೆ ಸುಮಾರು ಒಂದು ಚಮಚ ಬಿಳಿ ಅಂಟು, ಒಂದು ಚಮಚ ನೀರು. ಅಂಟು ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುತ್ತದೆ, ಉದುರುವುದು ನಿಲ್ಲುತ್ತದೆ, ಅಲ್ಪಸ್ವಲ್ಪ ತೇವಕ್ಕೆ ಕದಲುವುದಿಲ್ಲ. ಅಂಟು ಇದಕ್ಕಿಂತ ಹೆಚ್ಚಾದರೆ ಒಣಗಿದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಚ್ಚಿಕೊಳ್ಳುತ್ತವೆ. ಬೆರೆಸಿದ್ದನ್ನು ಅದೇ ದಿನ ಮುಗಿಸಿ, ಕುಂಚಗಳನ್ನು ತಕ್ಷಣ ನೀರಿಗೆ ಹಾಕಿ. ಹಾಳೆ ಸುರುಳಿಯಾಗದಂತೆ ನಾನು ಈ ಮಿಶ್ರಣಕ್ಕೆ ಇನ್ನೊಂದು ವಸ್ತುವನ್ನು ಒಂದು ಚಿಟಿಕೆ ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಒಣಗಿದ ಹಾಳೆಗಳ ಮೇಲೆ ಒಂದು ರಾತ್ರಿ ಭಾರ ಹೇರಿದರೆ ಸರಿಹೋಗುತ್ತದೆ.

ಒಂದು ಮೇಜಿಗೆ ಎರಡೇ ಬಣ್ಣ. ಮೂರನೆಯದನ್ನು ಇಟ್ಟರೆ ಹತ್ತು ನಿಮಿಷದಲ್ಲಿ ಎಲ್ಲ ಹಾಳೆಯೂ ಕಂದು. ಹಳದಿ ಮತ್ತು ಕೆಂಪು ಒಂದು ಮೇಜು, ಹಳದಿ ಮತ್ತು ನೀಲಿ ಇನ್ನೊಂದು, ನೀಲಿ ಮತ್ತು ಬಿಳಿ ಮತ್ತೊಂದು. ಒಣಗುವ ಮೊದಲು ಕುಂಚದ ಹಿಂತುದಿಯಿಂದ ಗೀಚಿಸಿ, ಅಗಲ ಹಲ್ಲಿನ ಬಾಚಣಿಗೆ ಎಳೆಸಿ, ಪೆಟ್ಟಿಗೆಯ ಏಣುಏಣಾದ ಸುಕ್ಕು ರಟ್ಟು ಒತ್ತಿಸಿ. ಈ ಗೆರೆಗಳೇ ಮುಂದೆ ಗರಿ, ಹುಲ್ಲು, ಅಲೆ, ತುಪ್ಪಳ ಆಗುವುದು.

ಅಂಟಿಗೆ ಬರೋಣ, ಏಕೆಂದರೆ ಹಣ ಸೋರುವ ದೊಡ್ಡ ತೂತು ಇದೇ. ಅಂಟಿನ ಕಡ್ಡಿಗಳಲ್ಲಿ ಅರ್ಧಕ್ಕರ್ಧ ಬಳಕೆಯಿಂದ ಖರ್ಚಾಗುವುದೇ ಇಲ್ಲ. ಮುಚ್ಚಳ ಹಾಕದೆ ಒಣಗುತ್ತವೆ, ಇಲ್ಲವೇ ಪೂರ್ತಿ ಮೇಲಕ್ಕೆ ತಿರುಗಿಸಿ ಮುರಿದು ಹೋಗುತ್ತವೆ. ಬಾಟಲಿಯ ಬಿಳಿ ಅಂಟು ಕೊಟ್ಟರೆ ಒಂದೇ ಹಾಳೆಯ ಮೇಲೆ ಕೆರೆ ಕಟ್ಟುತ್ತಾರೆ, ಹಾಳೆ ಬಾಗುತ್ತದೆ, ಸಂಜೆಯವರೆಗೆ ಒಣಗುವುದಿಲ್ಲ. ಕೊನೆಗೆ ನಿಂತದ್ದು ಅಂಟಿನ ಸ್ಪಂಜು. ಗಾಳಿಯಾಡದ ಮುಚ್ಚಳದ ಅಗಲ ಡಬ್ಬಿ, ಅದರ ತಳದಷ್ಟೇ ಅಳತೆಗೆ ಕತ್ತರಿಸಿದ ಎರಡು ಸೆಂಟಿಮೀಟರ್ ದಪ್ಪದ ಸ್ಪಂಜು, ಅದು ತುಂಬ ಹೀರುವಷ್ಟು ಬಿಳಿ ಅಂಟು, ಜೊತೆಗೆ ಅಂಟಿನ ಐದರಲ್ಲೊಂದು ಪಾಲು ನೀರು. ಸ್ಪಂಜನ್ನು ಮೊದಲು ಒದ್ದೆ ಮಾಡಿ ಹಿಂಡಿಕೊಳ್ಳಿ. ಒಣ ಸ್ಪಂಜು ಅಂಟನ್ನು ಒಂದೇ ಕಡೆ ಹೀರುತ್ತದೆ. ಮಗು ತುಂಡು ಕಾಗದವನ್ನು ಸ್ಪಂಜಿನ ಮೇಲೆ ಒತ್ತಿ, ಎತ್ತಿ, ಹಾಳೆಗೆ ಅಂಟಿಸುತ್ತದೆ. ಅಂಟು ತೆಳುವಾಗಿ, ಸಮವಾಗಿ ಹತ್ತುತ್ತದೆ. ಆರು ಮಕ್ಕಳಿಗೆ ಒಂದು ಡಬ್ಬಿ ಸಾಕು. ಮೇಲ್ಮೈ ಒಣಗಿದಂತೆ ಕಂಡರೆ ಕೆಲವು ಹನಿ ನೀರು ಚಿಮುಕಿಸಿ. ಎರಡು ವಾರ ದಾಟಿದರೆ ವಾಸನೆ ಬರಬಹುದು, ಆಗ ಸ್ಪಂಜನ್ನು ಬದಲಿಸಿ, ತೊಳೆದು ಉಳಿಸಲು ಹೋಗಬೇಡಿ.

ಹರಿಯುವುದನ್ನೂ ಹೇಳಿಕೊಡಬೇಕು. ಎರಡೂ ಮುಷ್ಟಿಯಲ್ಲಿ ಹಿಡಿದು ಅತ್ತಿತ್ತ ಎಳೆದರೆ ಕಾಗದ ಹರಿಯುವುದಿಲ್ಲ. ಎರಡು ಹೆಬ್ಬೆರಳುಗಳ ಉಗುರು ತಾಗುವಷ್ಟು ಹತ್ತಿರ ಚಿವುಟಿ ಹಿಡಿದು, ಒಂದು ಕೈ ತನ್ನ ಕಡೆಗೆ, ಇನ್ನೊಂದು ಕೈ ಆಚೆಗೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿನಲ್ಲಿ ಹರಿದರೆ ನೇರ ಪಟ್ಟಿ, ಅಡ್ಡ ಹರಿದರೆ ಅಂಕುಡೊಂಕು. ಹುಲ್ಲು, ಮಳೆಗೆ ನೇರದ್ದು. ಮೋಡ, ಬೆಟ್ಟ, ಪೊದೆಗೆ ಅಡ್ಡದ್ದು. ಯಾವುದು ಯಾವ ದಿಕ್ಕು ಎಂದು ಒಂದು ಹಾಳೆ ಹರಿದು ನೋಡಿ, ಉಳಿದವನ್ನು ಅದರಂತೆ ಐದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಕೊಡುತ್ತೇನೆ. ಇಡೀ ಹಾಳೆ ಕೊಟ್ಟರೆ ಮೂರು ವರ್ಷದ ಕೈಗೆ ಅದು ದೊಡ್ಡದಾಗುತ್ತದೆ. ಕತ್ತರಿ ಹಿಡಿಯುವವರಿಗೆ ಎರಡು ಸೆಂಟಿಮೀಟರ್ ಪಟ್ಟಿ: ಒಂದೇ ಕಚ್ಚಿಗೆ ತುಂಡಾಗಬೇಕು. ಎಡಗೈ ಮಕ್ಕಳಿಗೆ ಎಡಗೈ ಕತ್ತರಿ ಇಲ್ಲದಿದ್ದರೆ ಕಾಗದ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಅದನ್ನು ನೋಡಿ ಮಗುವಿಗೆ ಕತ್ತರಿ ಬರುವುದಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ.

ಇನ್ನು ಕ್ರಿಯೆ. ಅಡಗಿ ಹೊರಬರುವ ಕತೆಗೆ ಜಾರುಪಟ್ಟಿ. 200 ಜಿಎಸ್‌ಎಂ ರಟ್ಟಿನಲ್ಲಿ ಮೂರೂವರೆ ಸೆಂಟಿಮೀಟರ್ ಸೀಳು, ಅದರಲ್ಲಿ ಮೂರು ಸೆಂಟಿಮೀಟರ್ ಅಗಲದ, ಇಪ್ಪತ್ತು ಸೆಂಟಿಮೀಟರ್ ಉದ್ದದ ಪಟ್ಟಿ. ಸೀಳು ಮತ್ತು ಪಟ್ಟಿ ಒಂದೇ ಅಳತೆಯಾದರೆ ಎರಡನೇ ಎಳೆತಕ್ಕೆ ರಟ್ಟು ಹರಿಯುತ್ತದೆ. ಪಟ್ಟಿಯ ಹಿಂತುದಿಗೆ ಐದು ಸೆಂಟಿಮೀಟರ್ ಅಡ್ಡಪಟ್ಟಿ ಅಂಟಿಸಿ, ಇಲ್ಲದಿದ್ದರೆ ಪೂರ್ತಿ ಹೊರಗೆ ಬಂದು ಮಗು ಅಳುತ್ತದೆ. ಎಳೆಯುವುದು ಪಕ್ಕಕ್ಕಿರಲಿ, ಮೇಲಕ್ಕಿಟ್ಟರೆ ಪಟ್ಟಿಯ ಜೊತೆ ರಟ್ಟನ್ನೇ ಎತ್ತಿಬಿಡುತ್ತಾರೆ. ಸೀಳು ಹಾಕುವುದು ನಮ್ಮ ಕೆಲಸ, ಉಳಿದದ್ದೆಲ್ಲ ಮಕ್ಕಳದು. ಮುಂದೆ ಹರಿದ ಕಾಗದದ ಪೊದೆ, ಪಟ್ಟಿಯ ತುದಿಯಲ್ಲಿ ಯಾವ ಪ್ರಾಣಿ ಬೇಕೋ ಅದು. ನಾಲ್ಕು ಕಾಲು ಕಾಣದಿದ್ದರೂ ಪರವಾಗಿಲ್ಲ. ಅದು ಹೊರಗೆ ಬಂದರೆ ಕತೆ ನಡೆಯುತ್ತದೆ.

ಬಾಗಿಲು ತೆರೆಯುವ ಕತೆಗೆ ಮಡಿಕೆಬಾಗಿಲು. ಟೇಪಿನ ಕೀಲು ಎರಡು ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಕಾಗದದಲ್ಲೇ ಒಂದೂವರೆ ಸೆಂಟಿಮೀಟರ್ ಅಂಚು ಮಡಚಿ ಅದಕ್ಕೆ ಮಾತ್ರ ಅಂಟು ಹಾಕಿಸಿ. ಒಣಗುವವರೆಗೆ ಬಾಗಿಲ ಕೆಳಗೆ ಪ್ಲಾಸ್ಟಿಕ್ ತುಂಡು ಇರಲಿ, ಇಲ್ಲದಿದ್ದರೆ ಬಾಗಿಲು ಖಾಯಂ ಮುಚ್ಚಿದಂತೆ.

ಸಾಲಾಗಿ ನಡೆಯುವ ಕತೆಗೆ ಮಡಿಕೆ ಪುಸ್ತಕ. ಎ3 ಹಾಳೆಯನ್ನು ಉದ್ದಕ್ಕೆ ಎರಡು ಮಾಡಿ, ಒಂದೊಂದನ್ನು ನಾಲ್ಕಾಗಿ ಮಡಚಿದರೆ ಸುಮಾರು ಹತ್ತೂವರೆಗೆ ಹದಿನೈದು ಸೆಂಟಿಮೀಟರಿನ ನಾಲ್ಕು ಪುಟ. ಎ4ರಿಂದ ಎಂಟು ಪುಟದ ಪುಸ್ತಕ ಮಾಡಿಸುವ ಪ್ರಯತ್ನ ಬೇಡ, ಪುಟ ಅಂಗೈಗಿಂತ ಚಿಕ್ಕದಾಗಿ ಅಂಟಿಸಲು ಜಾಗವೇ ಇರುವುದಿಲ್ಲ. ಮಡಿಕೆಯ ಗೆರೆಯನ್ನು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಮೊದಲೇ ಒತ್ತಿಟ್ಟರೆ ಮಕ್ಕಳೇ ಮಡಚುತ್ತಾರೆ. ದಪ್ಪ ರಟ್ಟನ್ನು ನಾರಿಗೆ ಅಡ್ಡವಾಗಿ ಮಡಚಿದರೆ ಮಡಿಕೆ ಬಿರಿಯುತ್ತದೆ, 120 ಜಿಎಸ್‌ಎಂ ಮೀರಬೇಡಿ.

ಕಾರ್ಲ್ ಅವರ 1969ರ ಕಂಬಳಿಹುಳುವಿನ ಪುಸ್ತಕ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲರ್’ನಲ್ಲಿರುವಂತೆ ಪುಟಗಳಲ್ಲಿ ರಂಧ್ರ ಬೇಕೆಂದರೆ ಮಡಿಕೆಗಳನ್ನು ಮುಚ್ಚಿ ಒಟ್ಟಿಗೆ ಪಂಚ್ ಮಾಡಿ; ಒಂದೊಂದೇ ಮಾಡಿದರೆ ರಂಧ್ರಗಳು ಎದುರುಬದುರಾಗುವುದಿಲ್ಲ. ಅದರಲ್ಲಿ ಉಣ್ಣೆಯ ದಾರ ತೂರಿಸಿದರೆ ‘ಹುಳು’ ನಿಜಕ್ಕೂ ಪುಟ ದಾಟುತ್ತದೆ. ದಾರದ ತುದಿಗೆ ಟೇಪು ಸುತ್ತಿ ಗಟ್ಟಿ ಮಾಡಿ, ಉದ್ದ ಒಂದು ಗೇಣು ಮೀರದಿರಲಿ.

ಪಕ್ಕದಲ್ಲೇ ನಡೆದ ಕೆಲವು ಪ್ರಯೋಗಗಳು. ಮಳೆ, ಹಿಮ, ರಾತ್ರಿಯ ಪುಟಗಳಿಗೆ ಬಿಳಿ ಮೇಣದ ಕ್ರೇಯಾನಿನಿಂದ ಒತ್ತಿ ಗೀಚಿಸಿ ಮೇಲೆ ನೀರುಬಣ್ಣ: ಗೆರೆಗಳು ಬೆಳ್ಳಗೆ ಎದ್ದು ಬರುತ್ತವೆ. ಪೋಸ್ಟರ್ ಬಣ್ಣ ದಪ್ಪಗಿದ್ದರೆ ಮೇಣವನ್ನೂ ಮುಚ್ಚಿಬಿಡುತ್ತದೆ, ಹಾಲಿಗಿಂತ ತೆಳುವಾಗಿರಬೇಕು. ಒದ್ದೆ ನೀರುಬಣ್ಣದ ಮೇಲೆ ಉಪ್ಪು ಉದುರಿಸಿದರೆ ಚುಕ್ಕೆಗಳು ಮೂಡುತ್ತವೆ, ಆದರೆ ಹಾಳೆ ಇನ್ನೂ ಹೊಳೆಯುತ್ತಿರುವಾಗಲೇ ಉದುರಿಸಬೇಕು, ಅರ್ಧ ಒಣಗಿದ್ದರೆ ಏನೂ ಆಗುವುದಿಲ್ಲ. ನೀಲಿ–ಹಳದಿ ಬೆರೆಸುವ ಕತೆಗೆ ಜಿಪ್ ಚೀಲದಲ್ಲಿ ಒಂದೊಂದು ಚಮಚ ಬಣ್ಣ ಹಾಕಿ ಬಾಯಿಗೆ ಟೇಪು ಬಿಗಿದು ಹಿಸುಕಲು ಕೊಡಿ. ನೇರಳೆಯತ್ತ ವಾಲುವ ನೀಲಿ ಹಾಕಿದರೆ ಕೊಳಕು ಹಸಿರು ಬರುತ್ತದೆ. ಹಸಿರಿನತ್ತ ವಾಲುವ ನೀಲಿ, ನಿಂಬೆ ಹಳದಿ ಇದ್ದರೆ ಹೊಳೆಯುವ ಹಸಿರು. ನೆರಳಾಟವೂ ಚೆನ್ನಾಗಿ ನಡೆಯಿತು: ಬೊಂಬೆಯನ್ನು ಟಾರ್ಚಿನ ಹತ್ತಿರ ತಂದರೆ ನೆರಳು ದೊಡ್ಡದು, ಹಾಗಾಗಿ ‘ಬೆಳೆಯುವ’ ಕತೆಗಳಿಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ.

ಓದುವ ಕ್ರಮವೂ ಈ ಕೆಲಸದ ಭಾಗವೇ. ಮೊದಲ ದಿನ ಬರೀ ಚಿತ್ರ ನೋಡುತ್ತ ಪುಟ ತಿರುವುವುದು, ಎರಡನೇ ದಿನ ಓದು ಮತ್ತು ಕಾಗದಕ್ಕೆ ಬಣ್ಣ, ಮೂರನೇ ದಿನ ಮತ್ತೊಮ್ಮೆ ಓದಿ ಹರಿದು ಅಂಟಿಸುವುದು, ನಾಲ್ಕನೇ ದಿನ ಮಕ್ಕಳು ಹೇಳುವುದು. ಒಂದೇ ದಿನದಲ್ಲಿ ಓದಿ ಮಾಡಿಸಿದರೆ ಬಣ್ಣ ಒಣಗಿರುವುದಿಲ್ಲ, ಕತೆಯೂ ಮನಸ್ಸಿನಲ್ಲಿ ಕೂತಿರುವುದಿಲ್ಲ. ಕೈಕೆಲಸಕ್ಕೆ ಒಂದು ಗುಂಪಿನಲ್ಲಿ ಆರೇಳು ಮಕ್ಕಳು, ಹದಿನೈದು–ಇಪ್ಪತ್ತು ನಿಮಿಷ. ಉಳಿದವರಿಗೆ ಅದೇ ಪುಸ್ತಕದ ಬೇರೆ ಆಟ. ಮಾದರಿ ಮಾಡಿ ತೋರಿಸಬೇಡಿ. ತೋರಿಸಿದರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಪುಸ್ತಕದ ಪುಟ ತೆರೆದಿಟ್ಟು ಜಾರುಪಟ್ಟಿ ಎಳೆದು ತೋರಿಸಿದರೆ ಸಾಕು. ಯಾವ ಪುಸ್ತಕಕ್ಕೆ ಯಾವ ಕ್ರಿಯೆ ಎಂದು ಆರಿಸುವ ನನ್ನ ಪಟ್ಟಿಯನ್ನು ಇಲ್ಲಿ ಪೂರ್ತಿ ಕೊಡುತ್ತಿಲ್ಲ. ಪುಟ ತಿರುವುವ ಮುಂಚೆ ಮಕ್ಕಳು ಉಸಿರು ಬಿಗಿಹಿಡಿಯುವುದು ಯಾವ ಪುಟದಲ್ಲಿ ಎಂದು ಗಮನಿಸಿದರೆ ನಿಮಗೇ ಸಿಗುತ್ತದೆ.

ಹಣದ ಲೆಕ್ಕ ಅಂದಾಜಿಗೆ ಹೀಗಿದೆ: ಮೊದಲು ಅರ್ಧಕ್ಕಿಂತ ಹೆಚ್ಚು ಹೋಗುತ್ತಿದ್ದುದು ಸಿದ್ಧ ಕಿಟ್, ಫೋಮ್ ಹಾಳೆ, ಅಲುಗುವ ಕಣ್ಣು, ಮಿನುಗುಪುಡಿಗೆ. ಈಗ ಅವು ಒಂದೂ ಇಲ್ಲ. ಬಣ್ಣ ಮತ್ತು ಬಿಳಿ ಅಂಟಿಗೆ ಮುಕ್ಕಾಲು ಪಾಲು, ರಟ್ಟಿಗೆ ಉಳಿದದ್ದು. ಕಣ್ಣಿಗೆ ಪಂಚಿನಿಂದ ಬಿದ್ದ ಕಾಗದದ ಚುಕ್ಕೆಗಳೇ ಸಾಕು. ಅಲುಗುವ ಕಣ್ಣು ಬಿಟ್ಟದ್ದು ಹಣಕ್ಕಷ್ಟೇ ಅಲ್ಲ. ಮೂರು ವರ್ಷದೊಳಗಿನವರ ಆಟಿಕೆಗಳ ಸಣ್ಣ ಭಾಗಗಳನ್ನು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಉಸಿರುಗಟ್ಟಿಸಬಲ್ಲದು. ಅಲುಗುವ ಕಣ್ಣೂ ಇಳಿಯುತ್ತದೆ, ಬೊಂಬೆಯ ಕೈಕಾಲು ಜೋಡಿಸುವ ಸ್ಪ್ಲಿಟ್ ಪಿನ್ನೂ (ಎರಡು ಕಾಲು ಬಿಡಿಸಿ ಸಿಕ್ಕಿಸುವ ಲೋಹದ ಪಿನ್ನು) ಇಳಿಯುತ್ತದೆ. ಚಿಕ್ಕ ತಮ್ಮ ತಂಗಿಯರಿರುವ ಮನೆಗಳಿಗೂ ಈ ಕೈಕೆಲಸ ಹೋಗುವುದರಿಂದ ಪಿನ್ನುಗಳನ್ನು ನಾಲ್ಕು ದಾಟಿದವರಿಗೆ, ಅದೂ ತರಗತಿಯಲ್ಲೇ ಉಳಿಯುವ ಬೊಂಬೆಗಳಿಗೆ ಮಾತ್ರ ಬಳಸುತ್ತೇನೆ. ಪಿನ್ನಿನ ಹಿಂಬದಿಯ ಕಾಲುಗಳನ್ನು ಬಿಡಿಸಿ ಮೇಲೆ ಅಗಲ ಟೇಪು ಹಚ್ಚಿರುತ್ತೇನೆ.