ನನ್ನ ಗೊದ್ದದ ರಾಣಿಗೆ ಮೂರು ಮನೆ

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಸಂಜೆ. ಮೈಸೂರಿನಲ್ಲಿ ಜೋರು ಮಳೆ ಬಂದು ಆಗಷ್ಟೇ ನಿಂತಿತ್ತು. ನಮ್ಮ ಗೇಟಿನ ದೀಪದ ಕೆಳಗೆ, ರೆಕ್ಕೆ ಉದುರಿಸಿಕೊಂಡ ಒಂದು ದಪ್ಪ ಇರುವೆ ಗೋಡೆಯ ಬುಡದಲ್ಲಿ ಸಂದು ಹುಡುಕುತ್ತಾ ಓಡಾಡುತ್ತಿತ್ತು. ಗೊದ್ದದ ರಾಣಿ ಅದು. ಅಂಗಳದಲ್ಲಿ ದಿನಾ ಕಾಣುತ್ತವಲ್ಲ, ಆ ದೊಡ್ಡ ಕಪ್ಪು ಇರುವೆಗಳ ಜಾತಿ. ಕೆಲವರು ಕಟ್ಟಿರುವೆ ಅನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಆ ರಾಣಿ ಇವತ್ತಿಗೂ ನನ್ನ ಮೇಜಿನ ಮೇಲಿದೆ, ಮುನ್ನೂರಕ್ಕೂ ಜಾಸ್ತಿ ಆಳು ಇರುವೆಗಳ ನಡುವೆ. ಈ ಮೂರು ವರ್ಷದಲ್ಲಿ ಅದಕ್ಕೆ ಮೂರು ಮನೆ ಮಾಡಿಕೊಟ್ಟೆ. ನಡುವಿನದು ತಪ್ಪು ಮನೆ. ಇರುವೆ ಸಾಕಬೇಕು ಅಂತಿರುವವರಿಗೆ ಆ ತಪ್ಪೇ ಜಾಸ್ತಿ ಉಪಯೋಗಕ್ಕೆ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮನೆ ಒಂದು ಗಾಜಿನ ಟೆಸ್ಟ್ ಟ್ಯೂಬ್. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ತಂದದ್ದು, 18 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ. ಮೂರನೇ ಒಂದು ಭಾಗ ನೀರು ತುಂಬಿ, ಅದರ ಮೇಲೆ ಹತ್ತಿಯನ್ನು ಬಿಗಿಯಾಗಿ ತುರುಕಬೇಕು. ಹತ್ತಿ ಒದ್ದೆಯಾಗಬೇಕು, ನೀರು ಮಾತ್ರ ಈಚೆ ಜಿನುಗಬಾರದು. ಆಮೇಲೆ ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೆ ಒಣ ಹತ್ತಿ. ಅಷ್ಟೇ. ನೋಡಿದರೆ ಇದೇನು ಗೂಡು ಅನ್ನಿಸುತ್ತದೆ, ಅಲ್ವಾ? ಆದರೆ ಮಳೆ ಬಿದ್ದ ನೆಲದಲ್ಲಿ ರಾಣಿ ತಾನೇ ತೋಡಿಕೊಳ್ಳುವ ಕೋಣೆಯೂ ಹೀಗೇ ಇರುತ್ತದೆ: ಕತ್ತಲೆ, ಇಕ್ಕಟ್ಟು, ಒಂದು ಕಡೆ ತೇವ. ಗೊದ್ದದ ರಾಣಿ ಒಳಗೆ ಕೂತ ಮೇಲೆ ಮೊದಲ ಮಕ್ಕಳು ಹೊರಬರುವವರೆಗೆ ಏನೂ ತಿನ್ನುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು ಮರಿಗಳಿಗೆ ಉಣಿಸುತ್ತದೆ. ನಾನು ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ವಾರಕ್ಕೆ ಒಂದು ಸಲ, ಅದೂ ಅರ್ಧ ನಿಮಿಷ ನೋಡುತ್ತಿದ್ದೆ. ಜುಲೈ ಕೊನೆಗೆ ಮೊದಲ ಆಳು ಇರುವೆ ಹುಟ್ಟಿತು. ತೆಳ್ಳಗೆ, ಪುಟ್ಟದಾಗಿ, ಇನ್ನೂ ಬಣ್ಣ ಕೂಡಿರಲಿಲ್ಲ. ಆ ರಾತ್ರಿ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ತಪ್ಪು ಮಾಡಿದ್ದು ಅಕ್ಟೋಬರಿನಲ್ಲಿ. ಆಗ ಇದ್ದದ್ದು ಒಂಬತ್ತು ಇರುವೆ. ಟ್ಯೂಬಿನೊಳಗೆ ಪಾಪ ಇಕ್ಕಟ್ಟಾಗಿದೆ ಅಂದುಕೊಂಡು ಆನ್‌ಲೈನಿನಲ್ಲಿ ಚೆಂದದ ಅಕ್ರಿಲಿಕ್ ಗೂಡೊಂದನ್ನು ತರಿಸಿದೆ. ಹನ್ನೆರಡು ಕೋಣೆ, ಹೊಳೆಯುವ ಮುಚ್ಚಳ, ನೀರಿಗೆ ಸ್ಪಂಜು. ಇನ್ನೂರು ಇರುವೆ ಹಿಡಿಸುವ ಮನೆಗೆ ಹತ್ತು ಜನರ ಸಂಸಾರವನ್ನು ಸಾಗಿಸಿದೆ.

ಎರಡೇ ವಾರದಲ್ಲಿ ಕೆಟ್ಟಿತು. ಅಕ್ರಿಲಿಕ್ ನೀರು ಹೀರುವುದಿಲ್ಲ. ಸ್ಪಂಜಿನಿಂದ ಏಳುವ ಆವಿ ರಾತ್ರಿ ತಣ್ಣಗಾಗಿ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುತ್ತಿತ್ತು. ಮರಿಹುಳು ಎರಡು ಅಂಥ ಹನಿಯಲ್ಲೇ ಅಂಟಿಕೊಂಡು ಸತ್ತವು. ಇರುವೆಗಳು ರಾಣಿಯ ಜೊತೆ ಒಂದು ಮೂಲೆಯಲ್ಲಿ ಗುಂಪುಗೂಡಿ, ಉಳಿದ ಕೋಣೆಗಳನ್ನು ತಿಪ್ಪೆ ಮಾಡಿಕೊಂಡವು. ತಿಂದು ಬಿಟ್ಟ ಜಿರಲೆ ಕಾಲುಗಳನ್ನು ದೂರದ ಕೋಣೆಗೆ ಒಯ್ದು ಹಾಕಿದ್ದವು, ಅಲ್ಲಿ ಬೂಷ್ಟು ಬಂದಿತ್ತು. ಆಹಾರದ ಡಬ್ಬಿ ಇನ್ನೂ ದೂರ, ಅಷ್ಟು ದೂರ ಹೋಗುವ ಧೈರ್ಯ ಒಂದೆರಡಕ್ಕೆ ಮಾತ್ರ. ನಮಗೆ ದೊಡ್ಡ ಮನೆ ಅಂದರೆ ಸುಖ. ಸಣ್ಣ ಸಂಸಾರದ ಇರುವೆಗೆ ಖಾಲಿ ಜಾಗ ಅಂದರೆ ಕಾವಲಿಲ್ಲದ ಜಾಗ. ಮತ್ತೆ ಹೊಸ ಟ್ಯೂಬ್ ಮಾಡಿ ಎಲ್ಲವನ್ನೂ ವಾಪಸ್ ತಂದೆ. ಟ್ಯೂಬಿನ ಬಾಯಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಜೋಡಿಸಿದೆ, ಓಡಾಡಲು, ಉಣ್ಣಲು. ನಲವತ್ತು ಇರುವೆ ಆಗುವವರೆಗೆ ಅವು ಅಲ್ಲೇ ಇದ್ದವು, ಚೆನ್ನಾಗಿಯೇ ಇದ್ದವು.

ಆ ತಿಂಗಳುಗಳಲ್ಲಿ ಉಳಿದ ಬಗೆಗಳನ್ನೂ ಒಂದೊಂದಾಗಿ ತೂಗಿ ನೋಡಿದೆ. ನೀಲಿ ಜೆಲ್ ತುಂಬಿದ ಡಬ್ಬಿಗಳು ಮಕ್ಕಳ ಆಟಿಕೆಯಾಗಿ ಸಿಗುತ್ತವೆ. ರಾಣಿ ಇರುವ ಸಂಸಾರಕ್ಕೆ ಅವು ಖಂಡಿತ ಬೇಡ, ಮರಿ ಬೆಳೆಯಲು ಬೇಕಾದ ಪ್ರೋಟೀನ್ ಆ ಜೆಲ್‌ನಲ್ಲಿಲ್ಲ. ಎರಡು ಗಾಜಿನ ನಡುವೆ ಮಣ್ಣು ತುಂಬುವುದು ಹಳೆಯ ದಾರಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಲಬಾಕ್ ಹಾಗೇ ಸಾಕಿದ್ದರು. ಅವರ ಒಂದು ರಾಣಿ ಸುಮಾರು 15 ವರ್ಷ ಬದುಕಿ 1888ರಲ್ಲಿ ಸತ್ತಿತು. ಇದನ್ನು ಓದಿದ ಮೇಲೆ ಗೂಡಿನ ವಿಷಯದಲ್ಲಿ ನನಗೆ ಇನ್ನೂ ಜವಾಬ್ದಾರಿ ಬಂತು. ಆದರೆ ಮಣ್ಣಿನಲ್ಲಿ ಇರುವೆ ತನಗಿಷ್ಟ ಬಂದಲ್ಲಿ ತೋಡುತ್ತದೆ, ರಾಣಿ ಕಾಣದೇ ಹೋಗಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಹಿಡಿಯುತ್ತದೆ ನಿಜ, ಒದ್ದೆಯಾದರೆ ಮೆತ್ತಗಾಗುತ್ತದೆ. ಗೊದ್ದದ ದವಡೆಗೆ ಅದು ಏನೂ ಅಲ್ಲ.

ನನಗೆ ಉತ್ತರ ಸಿಕ್ಕಿದ್ದು ಪಕ್ಕದ ಸೈಟಿನಲ್ಲಿ. ಅಲ್ಲಿ ಎಎಸಿ ಬ್ಲಾಕಿನಲ್ಲಿ ಮನೆ ಕಟ್ಟುತ್ತಿದ್ದರು. ಬಿಳಿ ಬೂದು ಬಣ್ಣದ, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಹಗುರ ಇಟ್ಟಿಗೆ. ಒಂದು ಒಡೆದ ತುಂಡು ಕೇಳಿದೆ. ಮೇಸ್ತ್ರಿ, "ಏನಕ್ಕೆ ಸಾರ್?" ಅಂದರು. ಇರುವೆಗೆ ಮನೆ ಅಂದೆ. ಒಂದು ನಿಮಿಷ ನನ್ನ ಮುಖ ನೋಡಿ, ತಾವೇ ಗರಗಸ ತಗೊಂಡು ಒಂದು ಅಡಿ ಉದ್ದಕ್ಕೆ ನೀಟಾಗಿ ಕೊಯ್ದು ಕೊಟ್ಟರು.

ಹಳೆ ಸ್ಕ್ರೂಡ್ರೈವರಿನಲ್ಲೇ ಇದನ್ನು ಕೆತ್ತಬಹುದು. ದೂಳು ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಬ್ಲಾಕನ್ನು ಒದ್ದೆ ಮಾಡಿಕೊಂಡು, ಹೊರಗೆ ಕೂತು ಕೆತ್ತಿ. ನಾನು ಐದೇ ಕೋಣೆ ಮಾಡಿದೆ, ಆಳ 12 ಮಿಲಿಮೀಟರ್. ಗೊದ್ದಗಳಲ್ಲಿ ದೊಡ್ಡ ತಲೆಯ ಆಳುಗಳೂ ಹುಟ್ಟುತ್ತವೆ, ಅವು ತಿರುಗಾಡಲು ಇಷ್ಟು ಬೇಕು. ಅದಕ್ಕಿಂತ ಆಳವಾದರೆ ನಮಗೆ ಏನೂ ಕಾಣುವುದಿಲ್ಲ. ಒಂದು ತುದಿಯಲ್ಲಿ, ಕೋಣೆಗಳಿಗೆ ತಾಗದ ಹಾಗೆ, ನೀರಿಗೊಂದು ಗುಳಿ. ಕೆತ್ತಿದ ಮೇಲೆ ಒಂದು ವಾರ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸಿದೆ, ಸಿಮೆಂಟು ಸುಣ್ಣದ ಖಾರ ಹೋಗಲಿ ಅಂತ. ಒಣಗಿಸಿ, ಮೇಲೆ ಗಾಜು ಕೂರಿಸಿ, ಗಾಜಿನ ಮೇಲೆ ಕೆಂಪು ಹಾಳೆ ಅಂಟಿಸಿದೆ. ಇರುವೆಗೆ ಕೆಂಪು ಬೆಳಕು ಸರಿಯಾಗಿ ಕಾಣದು, ನಮಗೆ ಒಳಗಿನದೆಲ್ಲ ಕಾಣುತ್ತದೆ.

ಗುಳಿಗೆ ಸಿರಿಂಜಿನಲ್ಲಿ 5 ಮಿಲಿಲೀಟರ್ ನೀರು ಹಾಕಿದರೆ ಬ್ಲಾಕು ನಿಧಾನವಾಗಿ ಹೀರಿಕೊಳ್ಳುತ್ತದೆ. ಗುಳಿಯ ಪಕ್ಕದ ಕೋಣೆ ತೇವ, ಕೊನೆಯ ಕೋಣೆ ಒಣ, ನಡುವೆ ಹದ. ಗೂಡು ಆರಿಸುವಾಗ ಬೇರೆಲ್ಲಕ್ಕಿಂತ ನಾನು ಇದನ್ನೇ ಮುಖ್ಯ ಅನ್ನುತ್ತೇನೆ. ಎಷ್ಟು ತೇವ ಬೇಕು ಅಂತ ನಾವು ಲೆಕ್ಕ ಹಾಕಬೇಕಿಲ್ಲ, ಒಣದಿಂದ ಒದ್ದೆವರೆಗೆ ಜಾಗ ಕೊಟ್ಟರೆ ಅವೇ ಆರಿಸಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಮೊಟ್ಟೆ, ಎಳೆ ಮರಿಹುಳು ಯಾವಾಗಲೂ ತೇವದ ಕಡೆ. ಮರಿಹುಳು ಇರುವೆಯಾಗುವ ಮುಂಚೆ ಸುತ್ತಿಕೊಳ್ಳುವ ಕೋಶಗಳು ಒಣ ಕಡೆ. ಆ ಕೋಶ ನೋಡಬೇಕು ನೀವು, ರಾಮನಗರದ ರೇಷ್ಮೆಗೂಡನ್ನೇ ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪಕ್ಕೆ ಇಳಿಸಿದ ಹಾಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನವಾದರೆ ಅವನ್ನೂ ಬಾಯಲ್ಲಿ ಕಚ್ಚಿಕೊಂಡು ಒಳಗಿನ ಕೋಣೆಗೆ ಸಾಗಿಸುತ್ತವೆ, ರಾತ್ರಿ ಮತ್ತೆ ವಾಪಸ್.

ಎಲ್ಲ ಇರುವೆಗೂ ಇದೇ ಹದ ಅಲ್ಲ. ಫೈಡೋಲ್ ಜಾತಿಯ ಪುಟ್ಟ ಇರುವೆಗಳಿಗೆ ಇನ್ನೂ ತೇವ ಬೇಕು, ಕೋಣೆ ತಗ್ಗಾಗಿರಬೇಕು, ಗಾಜಿನ ಸಂದಿನಲ್ಲಿ ಕೂದಲೆಳೆಯಷ್ಟೂ ಜಾಗ ಇರಬಾರದು. ಮಲೆನಾಡಿನ ಚಗಳಿಗೆ ಇಂಥ ಗೂಡೇ ಆಗದು. ಅದು ಮರಿಹುಳುವಿನ ನೂಲಿನಿಂದ ಹಸಿ ಎಲೆ ಹೆಣೆದು ಮರದ ಮೇಲೇ ಇರುವ ಇರುವೆ. ಅದನ್ನು ಮರದಲ್ಲೇ ನೋಡಿ.

ಮನೆ ಬದಲಿಸುವಾಗ ನಾನು ಯಾವ ಇರುವೆಯನ್ನೂ ಕೊಡವಲಿಲ್ಲ. ಟ್ಯೂಬಿನಿಂದ ಬ್ಲಾಕಿಗೆ ಒಂದು ಪೈಪ್ ಜೋಡಿಸಿ, ಬ್ಲಾಕಿನ ಮೇಲೆ ಕಪ್ಪು ಬಟ್ಟೆ ಹಾಕಿ, ಟ್ಯೂಬಿನ ಮೇಲಿನ ಬಟ್ಟೆ ತೆಗೆದೆ. ಹತ್ತು ದಿನ ಸುಮ್ನೆ ಕಾದೆ. ಹನ್ನೊಂದನೇ ರಾತ್ರಿ ಸಾಲು ಹೊರಟಿತು, ಬಾಯಲ್ಲಿ ಮರಿ ಕಚ್ಚಿಕೊಂಡು. ಬೆಳಗಿನ ಜಾವ ನೋಡಿದರೆ ರಾಣಿಯೂ ಹೊಸ ಮನೆಯಲ್ಲಿತ್ತು.

ಗೂಡು ಇಡುವ ಜಾಗದ ಬಗ್ಗೆ ಒಂದು ಮಾತು. ಮೊದಲು ಅಡುಗೆಮನೆ ಗೋಡೆಗೆ ತಾಗಿದ ಶೆಲ್ಫಿನಲ್ಲಿಟ್ಟಿದ್ದೆ. ಮಿಕ್ಸಿ ತಿರುಗಿದಾಗಲೆಲ್ಲ ಅವು ಮರಿ ಎತ್ತಿಕೊಂಡು ಗಾಬರಿಯಿಂದ ಓಡುತ್ತಿದ್ದವು. ಅದುರುವ ಜಾಗ ಬೇಡ, ಬಿಸಿಲು ನೇರ ಬೀಳುವ ಕಿಟಕಿಯೂ ಬೇಡ. ಹೊರಗಿನ ಡಬ್ಬಿಯ ಅಂಚಿಗೆ ಟಾಲ್ಕಂ ಪೌಡರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದರೆ ಇರುವೆ ಜಾರುತ್ತದೆ. ಮಳೆಗಾಲದಲ್ಲಿ ಅದು ತೇವ ಎಳೆದು ಉದುರುತ್ತದೆ. ಆಗ ಮೂರು ನಾಲ್ಕು ದಿನಕ್ಕೊಮ್ಮೆ ಮತ್ತೆ ಬಳಿಯುತ್ತೇನೆ, ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯ ಮುಚ್ಚಳ ಹಾಕುತ್ತೇನೆ. ಹೊರಗಿನಿಂದ ಮನೆಯ ಸಣ್ಣ ಇರುವೆಗಳು ಜೇನಿನ ವಾಸನೆಗೆ ನುಗ್ಗುವುದೂ ಉಂಟು. ಅದಕ್ಕೆ ದಾರಿ ಹೇಳಿದ್ದು ಅಮ್ಮ. "ಹಾಲಿನ ಪಾತ್ರೆ ಇಡೋ ಹಾಗೆ ಇಡೋ, ಸುತ್ತ ತಟ್ಟೇಲಿ ನೀರಿರಲಿ" ಅಂದರು. ಅವತ್ತಿನಿಂದ ಗೂಡು, ಡಬ್ಬಿ ಎರಡೂ ಒಂದು ದೊಡ್ಡ ಸ್ಟೀಲ್ ತಟ್ಟೆಯ ನಡುವೆ ಮಣೆಯ ಮೇಲಿವೆ.

ಈಗ ಐದೂ ಕೋಣೆ ತುಂಬಿವೆ. ಕೆಲವು ಆಳುಗಳು ಪೈಪಿನಲ್ಲೇ ಮಲಗುತ್ತಿವೆ. ಜಾಗ ಸಾಲದು ಅನ್ನುವುದಕ್ಕೆ ಅದೇ ಗುರುತು. ಹೋದ ವಾರ ಎರಡನೇ ಬ್ಲಾಕ್ ಕೆತ್ತಿ, ಹಳೆಯದನ್ನು ಕದಲಿಸದೆ ಪಕ್ಕಕ್ಕೆ ಜೋಡಿಸಿದೆ. ಇನ್ನೂ ಯಾವುದೂ ಮರಿ ಹೊತ್ತು ಅತ್ತ ಹೋಗಿಲ್ಲ. ದೊಡ್ಡ ತಲೆಯವು ಎರಡು ಮಾತ್ರ ಹೊಸ ಬಾಗಿಲಲ್ಲಿ ಮೀಸೆ ಆಡಿಸುತ್ತಾ ಕೂತಿವೆ.